ಓದುಗರ ಪ್ರಶ್ನೆ: ಇನ್ನು ಎಷ್ಟು ಪಂದ್ಯ ಗೆದ್ದರೆ ನಮ್ಮ ಆರ್‌ಸಿಬಿ ಪ್ಲೇಆಫ್‌ಗೆ ಹೋಗುತ್ತೆ?

ಪ್ರತಿ ವರ್ಷ ಐಪಿಎಲ್ ಅರ್ಧ ದಾಟಿದ ತಕ್ಷಣ ಈ ಪ್ರಶ್ನೆ ಬರುತ್ತೆ. "ಸರ್, 14 ಪಾಯಿಂಟ್ ಸಾಕಾ, 16 ಬೇಕಾ? ನೆಟ್ ರನ್ ರೇಟ್ ಅಂದ್ರೆ ನನಗೆ ತಲೆಗೇ ಹೋಗಲ್ಲ, ಸ್ವಲ್ಪ ಬಿಡಿಸಿ ಹೇಳಿ."

ಮೊದಲು ನೇರ ಉತ್ತರ. ಎಂಟು ಗೆಲುವು, 16 ಪಾಯಿಂಟ್. ಅಷ್ಟು ಬಂದರೆ ನೆಮ್ಮದಿಯಾಗಿ ನಿದ್ದೆ ಮಾಡಬಹುದು.

ಇದು ಸುಮ್ನೆ ಹೇಳಿದ ಮಾತಲ್ಲ. 2022ರಿಂದ ಹತ್ತು ತಂಡಗಳ ಲೀಗ್ ಆಯಿತು, ಒಬ್ಬೊಬ್ಬರಿಗೆ 14 ಪಂದ್ಯ. ಪ್ಲೇಆಫ್‌ಗೆ ಹೋಗೋದು ಮೊದಲ ನಾಲ್ಕು ತಂಡ. ಅಲ್ಲಿಂದ 2025ರ ತನಕ ನಾಲ್ಕನೇ ಸ್ಥಾನದವರ ಪಾಯಿಂಟ್ ನೋಡಿ: 16, 16, 14, 16. ಈ ನಾಲ್ಕು ಸೀಸನ್‌ನಲ್ಲಿ 16 ಪಾಯಿಂಟ್ ಇಟ್ಟುಕೊಂಡು ಹೊರಗೆ ಉಳಿದ ತಂಡ ಒಂದೂ ಇಲ್ಲ. 2025ರಲ್ಲಿ ಡೆಲ್ಲಿ 15ಕ್ಕೆ ನಿಂತು ಮನೆಗೆ ಹೋಯಿತು.

ಹಳೇ ಅಭಿಮಾನಿಗಳು ಇದನ್ನು ಒಪ್ಪಲ್ಲ, ನನಗೆ ಗೊತ್ತು. ಯಾಕಂದ್ರೆ ನಾವು 2012ರಲ್ಲಿ 17 ಪಾಯಿಂಟ್ ತಗೊಂಡು ಹೊರಗೆ ಬಿದ್ದವರು, 2013ರಲ್ಲಿ 18 ತಗೊಂಡೂ ಐದನೇ ಸ್ಥಾನ. ಆದರೆ ಆಗ ಒಂಬತ್ತು ತಂಡ, ತಲಾ 16 ಪಂದ್ಯ. ಪಂದ್ಯ ಜಾಸ್ತಿ, ಹಾಗಾಗಿ ಗಡಿಯೂ ಮೇಲೆ. ಆ ಗಾಯವನ್ನು ಈಗಿನ ಟೇಬಲ್‌ಗೆ ಹಚ್ಚೋದು ಬೇಡ.

ಕಷ್ಟ ಇರೋದು 14ರಲ್ಲಿ. ಏಳು ಗೆಲುವು, ಏಳು ಸೋಲು. 2023ರಲ್ಲಿ ಅದೇ 14 ಇಟ್ಟುಕೊಂಡು ನಾವು ಆರನೆಯವರಾದೆವು. ಚಿನ್ನಸ್ವಾಮಿಯಲ್ಲಿ ಕೊಹ್ಲಿ ಔಟಾಗದೆ 101 ಹೊಡೆದರು, ಆಮೇಲೆ ಶುಭ್‌ಮನ್ ಗಿಲ್ ಔಟಾಗದೆ 104 ಹೊಡೆದು ಎಲ್ಲವನ್ನೂ ಕಿತ್ತುಕೊಂಡು ಹೋದರು. 2024ರಲ್ಲಿ ಅದೇ 14ಕ್ಕೆ ಬಾಗಿಲು ತೆರೆಯಿತು. ಆ ವರ್ಷ 14ರಲ್ಲೇ ಸಮ ನಿಂತ ತಂಡಗಳಲ್ಲಿ ಯಾರು ಮೇಲೆ ಅಂತ ಹೇಳಿದ್ದು ನೆಟ್ ರನ್ ರೇಟ್.

ಅದರ ಲೆಕ್ಕ ಅಷ್ಟೇನೂ ಕಷ್ಟ ಇಲ್ಲ. ಸೀಸನ್ ಪೂರ್ತಿ ನಾವು ಹೊಡೆದ ಒಟ್ಟು ರನ್ನನ್ನು ನಾವು ಆಡಿದ ಒಟ್ಟು ಓವರ್‌ನಿಂದ ಭಾಗಿಸಿ. ನಾವು ಕೊಟ್ಟ ಒಟ್ಟು ರನ್ನನ್ನು ನಾವು ಹಾಕಿದ ಒಟ್ಟು ಓವರ್‌ನಿಂದ ಭಾಗಿಸಿ. ಮೊದಲನೆಯದರಲ್ಲಿ ಎರಡನೆಯದನ್ನು ಕಳೆಯಿರಿ. ಅಷ್ಟೇ. ಎರಡು ವಿಷಯದಲ್ಲಿ ಮಾತ್ರ ಜನ ಎಡವುತ್ತಾರೆ. ಒಂದು, 15 ಓವರ್‌ಗೆ ಆಲೌಟ್ ಆದರೂ ಲೆಕ್ಕಕ್ಕೆ ಪೂರ್ತಿ 20 ಓವರ್ ಹಿಡಿಯುತ್ತಾರೆ, ಅದಕ್ಕೇ ಆಲೌಟ್ ಅಷ್ಟು ಹೊಡೆತ ಕೊಡೋದು. ಇನ್ನೊಂದು, ಒಂದೊಂದು ಪಂದ್ಯದ ರೇಟ್ ತೆಗೆದು ಸರಾಸರಿ ಮಾಡಬಾರದು, ಎಲ್ಲ ಪಂದ್ಯದ ರನ್ನೂ ಓವರೂ ಒಂದೇ ರಾಶಿಗೆ ಸುರಿದು ಆಮೇಲೆ ಭಾಗಿಸಬೇಕು.

ಇಲ್ಲೇ ನಾನು ಹೇಳಬೇಕು ಅಂದುಕೊಂಡಿದ್ದು ಇದೆ. ನಮ್ಮ ತಂಡದ ಆಸೆ ಎಷ್ಟು ಉಳಿದಿದೆ ಅಂತ ತಿಳಿಯೋಕೆ ಎಲ್ಲರೂ ಗೆದ್ದ ಪಂದ್ಯ ಎಣಿಸುತ್ತಾರೆ. ನಾನು ಸೋತ ಪಂದ್ಯ ನೋಡುತ್ತೇನೆ. ಎಷ್ಟು ಸೋತೆವು ಅಂತಲ್ಲ, ಎಷ್ಟರಲ್ಲಿ ಸೋತೆವು ಅಂತ.

2024ರ ಏಪ್ರಿಲ್ 15, ಚಿನ್ನಸ್ವಾಮಿ. ಹೈದರಾಬಾದ್ 287 ಹೊಡೆಯಿತು. ಗೆಲ್ಲೋ ಮಾತೇ ಇರಲಿಲ್ಲ. ಜನ ಎದ್ದು ಹೊರಡಬೇಕಿತ್ತು, ಆದರೆ ದಿನೇಶ್ ಕಾರ್ತಿಕ್ ನಿಂತರು, 35 ಬಾಲ್‌ಗೆ 83. ನಾವು 262 ಹೊಡೆದು 25 ರನ್‌ನಿಂದ ಸೋತೆವು. ಮರುದಿನ ಸಿಕ್ಕವರೆಲ್ಲ "ಸೋತ ಮೇಲೆ 262 ಆದರೇನು, 200 ಆದರೇನು" ಅಂದರು. ಅದಾದ ಮೇಲೆ ಈಡನ್ ಗಾರ್ಡನ್ಸ್‌ನಲ್ಲಿ ಕೋಲ್ಕತ್ತಾ ಮೇಲೆ ಒಂದೇ ಒಂದು ರನ್‌ನಿಂದ ಸೋತೆವು. ಎಂಟು ಪಂದ್ಯ, ಏಳು ಸೋಲು. ಟೇಬಲ್‌ನ ತಳ. ಆ ವಾರ ಪ್ಲೇಆಫ್ ಅನ್ನೋ ಪದವನ್ನು ಬೆಂಗಳೂರಲ್ಲಿ ಯಾರೂ ಬಾಯಿಗೆ ತರುತ್ತಿರಲಿಲ್ಲ.

ಆಮೇಲೆ ಸತತ ಆರು ಗೆಲುವು. ಅದೂ ಹೇಗೆ? ಅಹಮದಾಬಾದ್‌ನಲ್ಲಿ 201ರ ಗುರಿಯನ್ನು 16 ಓವರ್‌ಗೇ ಮುಗಿಸಿದರು, ವಿಲ್ ಜ್ಯಾಕ್ಸ್ 41 ಬಾಲ್‌ಗೆ ಶತಕ. ಪಂಜಾಬ್ ಮೇಲೆ 60 ರನ್, ಡೆಲ್ಲಿ ಮೇಲೆ 47 ರನ್. ಮೇ 18ರಂದು ಚೆನ್ನೈ ಜೊತೆ ಕೊನೆ ಪಂದ್ಯ. ನಾವು 218. ಬರೀ ಗೆದ್ದರೆ ಸಾಲದು, ಚೆನ್ನೈಗೆ 201 ಮುಟ್ಟೋಕೆ ಬಿಡಬಾರದು. ಕೊನೆ ಓವರ್‌ಗೆ ಅವರಿಗೆ ಬೇಕಾಗಿದ್ದು 17. ಮೊದಲ ಬಾಲ್ ಧೋನಿ ಸಿಕ್ಸರ್, ಸ್ಟೇಡಿಯಂ ಆಚೆಗೆ. ಎರಡನೇ ಬಾಲ್‌ಗೆ ನಮ್ಮ ಬೌಲರ್ ಯಶ್ ದಯಾಳ್ ಧೋನಿಯನ್ನು ಔಟ್ ಮಾಡಿದರು. ಮಿಕ್ಕ ನಾಲ್ಕು ಬಾಲ್‌ಗೆ ಬಂದಿದ್ದು ಒಂದೇ ರನ್. ಆ ರಾತ್ರಿ ನಮ್ಮ ಬೀದಿಯಲ್ಲಿ ಯಾರೂ ಮಲಗಲಿಲ್ಲ.

ಟೇಬಲ್‌ನಲ್ಲಿ ನಮ್ಮದು 0.459, ಚೆನ್ನೈದು 0.392. ಈಗ ಆ ಏಪ್ರಿಲ್ 15ಕ್ಕೆ ವಾಪಸ್ ಹೋಗಿ. ನಾವು 262ರ ಬದಲು 220ಕ್ಕೆ ನಿಂತಿದ್ದರೆ 42 ರನ್ ಕಡಿಮೆ ಆಗುತ್ತಿತ್ತು. ಸೀಸನ್ ಪೂರ್ತಿ ನಾವು ಬ್ಯಾಟ್ ಮಾಡಿದ್ದು ಸುಮಾರು 270 ಓವರ್. 42ನ್ನು 270ರಿಂದ ಭಾಗಿಸಿದರೆ ಸುಮಾರು 0.156. ಬೇರೆಲ್ಲ ಹಾಗೇ ಇದ್ದಿದ್ದರೆ ನಮ್ಮ ರೇಟ್ 0.30ರ ಹತ್ತಿರ ಇರುತ್ತಿತ್ತು, ಚೆನ್ನೈ ಒಳಗೆ ಹೋಗುತ್ತಿತ್ತು. ಯಶ್ ದಯಾಳ್ ಓವರನ್ನು ಎಲ್ಲರೂ ನೆನೆಯುತ್ತಾರೆ, ನೆನೆಯಲೇಬೇಕು. ಆದರೆ ಆ ಓವರ್‌ಗೆ ಅರ್ಥ ಬಂದಿದ್ದು, ಸೋತ ಪಂದ್ಯದಲ್ಲಿ ಕಾರ್ತಿಕ್ ಹೊಡೆದ ರನ್‌ಗಳಿಂದ.

2020 ಇನ್ನೂ ವಿಚಿತ್ರ. ಕೊನೆಯ ನಾಲ್ಕು ಲೀಗ್ ಪಂದ್ಯ ಸಾಲಾಗಿ ಸೋತೆವು, ಆದರೂ ಒಳಗೆ ಹೋದೆವು! ಡೆಲ್ಲಿ ಮೇಲಿನ ಪಂದ್ಯದಲ್ಲಿ ಅವರು 17.3 ಓವರ್ ಒಳಗೆ ಗೆಲ್ಲದಂತೆ ತಡೆದರೆ ಸಾಕಿತ್ತು. ಅವರು 19 ಓವರ್ ತಗೊಂಡರು. ನಮ್ಮ ರೇಟ್ ಮೈನಸ್ 0.172, ಕೋಲ್ಕತ್ತಾದ್ದು ಮೈನಸ್ 0.214. ತಡವಾಗಿ ಸೋತಿದ್ದಕ್ಕೇ ಪ್ಲೇಆಫ್.

2022ರಲ್ಲಿ ಮಾತ್ರ ಎಲ್ಲ ಬೇರೆಯವರ ಕೈಲಿತ್ತು. ನಮ್ಮ ಹತ್ತಿರ 16 ಪಾಯಿಂಟ್, ಆದರೆ ರೇಟ್ ಮೈನಸ್. ಡೆಲ್ಲಿ ಗೆದ್ದರೆ ಅವರೂ 16. ಹಾಗಾಗಿ ಮೇ 21ರಂದು ಇಡೀ ಬೆಂಗಳೂರು ಮುಂಬೈಗೆ ಜೈ ಅಂದಿತು. ಡೆಲ್ಲಿ ಮೇಲೆ ಮುಂಬೈನ ಟಿಮ್ ಡೇವಿಡ್ 11 ಬಾಲ್‌ಗೆ 34 ಹೊಡೆದಾಗ ನಾನು ಕೂಗಿದ್ದನ್ನು ಪಕ್ಕದ ಮನೆಯವರು ಇವತ್ತಿಗೂ ನೆನಪಿಸುತ್ತಾರೆ. ಅದೇ ಟಿಮ್ ಡೇವಿಡ್ 2025ರಲ್ಲಿ ನಮ್ಮ ಜೆರ್ಸಿ ಹಾಕಿಕೊಂಡಾಗ ಹಳೇ ಸಾಲ ತೀರಿದಂತೆ ಅನ್ನಿಸಿತು.

ನಗರದ ಬೇರೆ ತಂಡಗಳ ಬಗ್ಗೆಯೂ ಕೆಲವರು ಕೇಳುತ್ತಾರೆ, ಚಿಕ್ಕದಾಗಿ ಹೇಳುತ್ತೇನೆ. ಪ್ರೊ ಕಬಡ್ಡಿಯಲ್ಲಿ 11ನೇ ಸೀಸನ್ ತನಕ ಗೆದ್ದರೆ 5 ಪಾಯಿಂಟ್, 7 ಅಂಕದೊಳಗೆ ಸೋತರೂ 1 ಪಾಯಿಂಟ್ ಇತ್ತು, ಅಂದರೆ ಚೆನ್ನಾಗಿ ಸೋಲೋಕೆ ನೇರವಾಗಿಯೇ ಬೆಲೆ. 12ನೇ ಸೀಸನ್‌ನಿಂದ ಗೆದ್ದರೆ 2, ಸೋತರೆ ಸೊನ್ನೆ. ಬೆಂಗಳೂರು ಬುಲ್ಸ್ 11ನೇ ಸೀಸನ್‌ನಲ್ಲಿ 22ರಲ್ಲಿ ಎರಡೇ ಪಂದ್ಯ ಗೆದ್ದು ಕೊನೆ ಸ್ಥಾನಕ್ಕೆ ಬಿದ್ದಿತ್ತು, ಮುಂದಿನ ಸೀಸನ್‌ಗೆ ನಮ್ಮವರೇ ಆದ ಬಿ.ಸಿ. ರಮೇಶ್ ಕೋಚ್ ಆಗಿ ಬಂದರು, ಲೀಗ್‌ನಲ್ಲಿ ಮೂರನೇ ಸ್ಥಾನ. ಫುಟ್‌ಬಾಲ್‌ನಲ್ಲಿ ಬೆಂಗಳೂರು ಎಫ್‌ಸಿ 2022-23ರಲ್ಲಿ ತಳದಲ್ಲಿ ಒದ್ದಾಡುತ್ತಿದ್ದದ್ದು, ಸತತ ಎಂಟು ಪಂದ್ಯ ಗೆದ್ದು ಫೈನಲ್ ತನಕ ಹೋಯಿತು. ಮಹಿಳೆಯರ ಆರ್‌ಸಿಬಿ 2024ರಲ್ಲಿ ಎಂಟರಲ್ಲಿ ನಾಲ್ಕೇ ಗೆದ್ದು ಮೂರನೆಯವರಾಗಿ ಒಳಗೆ ಬಂದು, ಸ್ಮೃತಿ ಮಂಧಾನ ಕೈಯಲ್ಲಿ ಕಪ್ ಇಟ್ಟರು. ಈ ನಗರಕ್ಕೆ ಆರ್‌ಸಿಬಿ ಹೆಸರಲ್ಲಿ ಮೊದಲ ಕಪ್ ತಂದವರು ಅವರು, ಇದನ್ನು ಮರೆಯಬಾರದು ಅಲ್ವಾ?

ಇನ್ನೊಂದು ಮಾತು, ಇದನ್ನು ನೀವು ಕೇಳಿಲ್ಲ, ಆದರೂ ಹೇಳಬೇಕು. ಪ್ಲೇಆಫ್‌ಗೆ ಹೋಗೋದು ಬೇರೆ, ಕಪ್ ಆಸೆ ಬೇರೆ. 2011ರಿಂದ ಈಗಿನ ಕ್ವಾಲಿಫೈಯರ್ ಪದ್ಧತಿ ಬಂದಿದೆ. ಅಲ್ಲಿಂದ 2025ರ ತನಕ ನಾವು ಫೈನಲ್ ಆಡಿದ್ದು ಮೂರು ಸಲ: 2011, 2016, 2025. ಮೂರೂ ಸಲ ಲೀಗ್‌ನಲ್ಲಿ ಮೊದಲ ಎರಡರಲ್ಲಿ ಇದ್ದೆವು. ಮೂರನೇ, ನಾಲ್ಕನೇ ಸ್ಥಾನದಿಂದ 2015, 2020, 2021, 2022, 2024ರಲ್ಲಿ ಪ್ರಯತ್ನ ಪಟ್ಟೆವು, ಒಂದು ಸಲವೂ ಫೈನಲ್ ಸಿಗಲಿಲ್ಲ. ಮೇಲಿನ ಎರಡು ತಂಡಕ್ಕೆ ಒಂದು ಸೋಲು ಮಾಫಿ, ಕೆಳಗಿನವರು ಸಾಲಾಗಿ ಮೂರು ಗೆಲ್ಲಬೇಕು.

ಅದಕ್ಕೇ 2025ರ ಮೇ 27ರ ರಾತ್ರಿ ನನಗೆ ಅಷ್ಟು ದೊಡ್ಡದು. ಪ್ಲೇಆಫ್ ಆಗಲೇ ಖಾತ್ರಿಯಾಗಿತ್ತು, ಆದರೂ ಲಖನೌ ಕೊಟ್ಟ 228ರ ಗುರಿಯನ್ನು ಜಿತೇಶ್ ಶರ್ಮಾ 33 ಬಾಲ್‌ಗೆ 85 ಹೊಡೆದು ಮುಟ್ಟಿಸಿದರು. 19 ಪಾಯಿಂಟ್, ಎರಡನೇ ಸ್ಥಾನ. ಕ್ವಾಲಿಫೈಯರ್‌ನಲ್ಲಿ ಪಂಜಾಬನ್ನು 101ಕ್ಕೆ ಉರುಳಿಸಿ ನೇರ ಫೈನಲ್. ಜೂನ್ 3ಕ್ಕೆ ಆರು ರನ್‌ನಿಂದ ಕಪ್. ಮರುದಿನ ಚಿನ್ನಸ್ವಾಮಿ ಹೊರಗೆ ನೂಕುನುಗ್ಗಲಲ್ಲಿ 11 ಜನ ನಮ್ಮಂಥ ಅಭಿಮಾನಿಗಳೇ ಜೀವ ಬಿಟ್ಟರು. ಆ ಕಪ್ ಬಗ್ಗೆ ಬರೆಯುವಾಗೆಲ್ಲ ಅವರ ನೆನಪೂ ಜೊತೆಗೇ ಬರುತ್ತೆ.

ಟಾಪ್ ಎರಡಕ್ಕೆ 18 ಕೂಡ ಖಾತ್ರಿ ಅಲ್ಲ. 2022ರಲ್ಲಿ ಲಖನೌ, 2025ರಲ್ಲಿ ಗುಜರಾತ್ 18 ಇದ್ದೂ ಮೂರನೆಯವರಾದರು. ಹಾಗಾಗಿ ನಿಮ್ಮ ಪ್ರಶ್ನೆಗೆ ಉತ್ತರ ಎಂಟು ಗೆಲುವು. ನಾನು ಮಾತ್ರ ಪ್ರತಿ ಸೀಸನ್ ಒಂಬತ್ತರಿಂದ ಎಣಿಸೋಕೆ ಶುರು ಮಾಡುತ್ತೇನೆ.