ಬರೆಯುವುದು ಬೇರೆ, ಪೋಸ್ಟ್ ಮಾಡುವುದು ಬೇರೆ

ಮನಸ್ಸಿನ ನೋವನ್ನು ಮಾತಿಗೆ ಇಳಿಸಿದರೆ ಅದರ ಬಿಗಿ ಸ್ವಲ್ಪ ಸಡಿಲವಾಗುತ್ತದೆ. ಇದು ಬರೀ ಸಮಾಧಾನಕ್ಕೆ ಹೇಳುವ ಮಾತಲ್ಲ. 1986ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ ಪ್ರಕಟಿಸಿದ ಅಧ್ಯಯನದಲ್ಲಿ ಕಾಲೇಜು ವಿದ್ಯಾರ್ಥಿಗಳು ಸತತ 4 ದಿನ, ದಿನಕ್ಕೆ 15 ನಿಮಿಷ, ತಮ್ಮ ಬದುಕಿನ ಅತ್ಯಂತ ನೋವಿನ ಘಟನೆಯ ಬಗ್ಗೆ ಬರೆದರು. ಬರೆದ ಕೂಡಲೇ ಅವರ ಮನಸ್ಸು ಇನ್ನಷ್ಟು ಕುಗ್ಗಿತ್ತು. ಆದರೆ ಘಟನೆಯ ಜೊತೆಗೆ ಅದು ಎಬ್ಬಿಸಿದ ಭಾವನೆಗಳನ್ನೂ ಬರೆದವರು ಮುಂದಿನ ತಿಂಗಳುಗಳಲ್ಲಿ ಆರೋಗ್ಯ ಕೇಂದ್ರದ ಬಾಗಿಲು ತಟ್ಟಿದ್ದು ಕಡಿಮೆ. ಆಮೇಲೆ ನಡೆದ ಇಂಥ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಈ ಲಾಭ ಸಣ್ಣದು ಎಂದು ತಿಳಿಯಿತು. ಸಣ್ಣದಾದರೂ ನಿಜವಾದದ್ದು. 2007ರಲ್ಲಿ ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರು ಮಿದುಳಿನ ಚಟುವಟಿಕೆಯನ್ನು ತೋರಿಸುವ ಎಫ್‌ಎಂಆರ್‌ಐ ಯಂತ್ರದಲ್ಲಿ ಮಲಗಿದ್ದವರಿಗೆ ಸಿಟ್ಟು, ಭಯ ತುಂಬಿದ ಮುಖಗಳನ್ನು ತೋರಿಸಿದರು. ಆ ಭಾವನೆಗೆ ತಕ್ಕ ಹೆಸರು ಆರಿಸಿದಾಗ, ಬೆದರಿಕೆಗೆ ಸ್ಪಂದಿಸುವ ಅಮಿಗ್ಡಲಾ ಎಂಬ ಮಿದುಳಿನ ಭಾಗದ ಚಟುವಟಿಕೆ ಇಳಿಯಿತು.

ಈ ಎರಡು ಪ್ರಯೋಗಗಳಲ್ಲೂ ಗೆಳೆಯರು, ಬಂಧುಗಳು ಏನನ್ನೂ ಓದಲಿಲ್ಲ. ಲೈಕ್ ಇರಲಿಲ್ಲ, ಕಾಮೆಂಟ್ ಇರಲಿಲ್ಲ. ಅಂದರೆ ಹಗುರವಾಗಿಸಿದ್ದು ನೋವಿಗೆ ಪದ ಹುಡುಕುವ ಕೆಲಸ. ನಾಲ್ಕು ಜನರ ಮುಂದೆ ಇಡುವ ಕೆಲಸವಲ್ಲ. ಸಾಮಾಜಿಕ ಜಾಲತಾಣದಲ್ಲಿ ಇವೆರಡೂ ಒಂದೇ ಗುಂಡಿ ಒತ್ತುವುದರಲ್ಲಿ ಮುಗಿದುಹೋಗುತ್ತವೆ. ತೊಂದರೆ ಶುರುವಾಗುವುದು ಅಲ್ಲಿಂದ. ಇವನ್ನು ಎರಡು ಹೆಜ್ಜೆಗಳಾಗಿ ಬಿಡಿಸಿಕೊಂಡರೆ ಅರ್ಧ ಸುರಕ್ಷತೆ ಬಂದಂತೆಯೇ.

ಬರೆಯುವಾಗ ಆ್ಯಪ್‌ನ ಪೋಸ್ಟ್ ಪೆಟ್ಟಿಗೆಯಲ್ಲಿ ಬರೆಯಬೇಡಿ. ಫೋನಿನ ನೋಟ್ಸ್‌ನಲ್ಲೋ ಕಾಗದದ ಮೇಲೋ ಬರೆಯಿರಿ. ಅಲ್ಲಿ ತಡೆ ಬೇಡ, ಹೆಸರುಗಳೂ ಬರಲಿ, ಬೈಗುಳವೂ ಬರಲಿ. ನಂತರ ಕನಿಷ್ಠ ಒಂದು ರಾತ್ರಿ, ಸಾಧ್ಯವಾದರೆ ಎರಡು ದಿನ, ಅದನ್ನು ಮುಟ್ಟಬೇಡಿ. ತೀವ್ರ ಭಾವನೆಯಲ್ಲಿರುವಾಗ, ಆ ಭಾವನೆ ಇಳಿದ ಮೇಲೆ ನಮಗೆ ಏನನ್ನಿಸಬಹುದು ಎಂದು ಅಂದಾಜು ಮಾಡುವುದರಲ್ಲಿ ನಾವೆಲ್ಲರೂ ತಪ್ಪುತ್ತೇವೆ. ಜಾರ್ಜ್ ಲೋವೆನ್‌ಸ್ಟೈನ್ ಮುಂತಾದ ಸಂಶೋಧಕರು ವರ್ಷಗಟ್ಟಲೆ ಅಧ್ಯಯನ ಮಾಡಿದ ದೌರ್ಬಲ್ಯ ಇದು. ಅದಕ್ಕೇ ನಿದ್ದೆ, ಊಟ ಆದ ಮೇಲೆ ಹಗಲು ಹೊತ್ತಿನಲ್ಲಿ ಓದಿ ನೋಡಿ. ಓದುವಾಗ ಮೈ ಬೆವರಿದರೆ, ಉಸಿರು ಬಿಗಿದರೆ, ಅದು ಇನ್ನೂ ನಿಮ್ಮೊಳಗೇ ಇರಬೇಕಾದ ಬರಹ.

ಖಿನ್ನತೆಯ ಹಂತವೂ ಅತಿ ಉತ್ಸಾಹದ ಉನ್ಮಾದದ ಹಂತವೂ ಬಂದುಹೋಗುವ ಬೈಪೋಲಾರ್ ಸಮಸ್ಯೆ ಇರುವವರಿಗೆ ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು, ಏಕೆಂದರೆ ಇದನ್ನು ಹೇಳುವವರು ಕಡಿಮೆ. ಉನ್ಮಾದದ ಹಂತದಲ್ಲಿ ನಿದ್ದೆ ಬೇಡವೆನಿಸುತ್ತದೆ, ಮಾತು ಉಕ್ಕುತ್ತದೆ, ಬರೆದದ್ದೆಲ್ಲ ಅದ್ಭುತವೆನಿಸುತ್ತದೆ. ಒಂದು ರಾತ್ರಿ ಕಾಯಿರಿ ಎಂಬ ಸಲಹೆ ಆಗ ಕೆಲಸಕ್ಕೆ ಬರುವುದಿಲ್ಲ. ಕಾಯುವ ಶಕ್ತಿಯನ್ನೇ ಆ ಸ್ಥಿತಿ ಕಿತ್ತುಕೊಂಡಿರುತ್ತದೆ. ಆದ್ದರಿಂದ ಮನಸ್ಸು ಸ್ಥಿಮಿತದಲ್ಲಿರುವಾಗಲೇ ನಂಬಿಕೆಯ ಒಬ್ಬರೊಂದಿಗೆ ಒಪ್ಪಂದ ಮಾಡಿಕೊಳ್ಳಬೇಕು: ಪೋಸ್ಟ್‌ಗಳ ಸಂಖ್ಯೆ ಇದ್ದಕ್ಕಿದ್ದಂತೆ ಏರಿದರೆ, ನಡುರಾತ್ರಿಯಲ್ಲಿ ಬರಲಾರಂಭಿಸಿದರೆ, ಅವರು ನೇರವಾಗಿ ಹೇಳಬೇಕು, ನೀವು ಆ್ಯಪ್ ತೆಗೆದು ವೈದ್ಯರಿಗೆ ಫೋನ್ ಮಾಡಬೇಕು. ಈ ಒಪ್ಪಂದ ಬರಹದಲ್ಲಿದ್ದರೆ ಇನ್ನೂ ಒಳ್ಳೆಯದು.

ಎರಡನೆಯ ಹೆಜ್ಜೆಗೆ ಬಂದಾಗ, ಈ ಪೋಸ್ಟ್‌ನಿಂದ ನನಗೆ ಏನು ಬೇಕು ಎಂದು ಕೇಳಿಕೊಳ್ಳಿ. ಇಂದೇ, ಈಗಲೇ ಆಸರೆ ಬೇಕು ಎಂಬುದು ಉತ್ತರವಾದರೆ ಪೋಸ್ಟ್ ತಪ್ಪು ಸಾಧನ. ಯಾರ ಪರದೆಯ ಮೇಲೆ ಯಾವ ಪೋಸ್ಟ್ ಯಾವಾಗ ಬರಬೇಕೆಂದು ತೀರ್ಮಾನಿಸುವುದು ಜಾಲತಾಣದ ಲೆಕ್ಕಾಚಾರ. ನಿಮ್ಮ ಆಪ್ತರಿಗೆ ಅದು ನಾಳೆ ಕಾಣಬಹುದು, ಕಾಣದೆಯೂ ಇರಬಹುದು. ಪ್ರತಿಕ್ರಿಯೆ ಬಾರದಿದ್ದಾಗ ನೊಂದ ಮನಸ್ಸು ಅದನ್ನು ಲೆಕ್ಕಾಚಾರದ ಕೆಲಸವೆಂದು ನೋಡುವುದಿಲ್ಲ, ಯಾರಿಗೂ ನಾನು ಬೇಡವಾದೆ ಎಂದು ಓದಿಕೊಳ್ಳುತ್ತದೆ. ಇಂಥ ಹೊತ್ತಿನಲ್ಲಿ ಒಬ್ಬರಿಗೆ ನೇರ ಸಂದೇಶ ಕಳಿಸಿ, ಬೇಕಾದದ್ದನ್ನು ಬಿಡಿಸಿ ಹೇಳಿ: “ಇವತ್ತು ರಾತ್ರಿ ಒಬ್ಬಳೇ ಇರಲು ಭಯವಾಗುತ್ತಿದೆ. ಅರ್ಧ ಗಂಟೆ ಫೋನಿನಲ್ಲಿ ಮಾತಾಡುತ್ತೀಯಾ?” ಸಾಯುವ ಯೋಚನೆ ಬರುತ್ತಿದ್ದರೆ ಆತ್ಮಹತ್ಯೆ ತಡೆ ಸಹಾಯವಾಣಿ ಅಥವಾ ತುರ್ತು ಸೇವೆಯ ಸಂಖ್ಯೆಗೆ ಕರೆ ಮಾಡಿ. ಆ ಸಂಖ್ಯೆಯನ್ನು ಮನಸ್ಸು ಚೆನ್ನಾಗಿರುವ ದಿನವೇ ಫೋನಿನಲ್ಲಿ ಉಳಿಸಿಟ್ಟುಕೊಳ್ಳಿ.

ಅರ್ಥ ಮಾಡಿಕೊಳ್ಳುವವರು ಬೇಕು ಎಂಬುದು ಉತ್ತರವಾದರೆ ಬೆಲ್ಜಿಯಂನ ಬರ್ನಾರ್ ರಿಮೆ ಅವರ ಸಂಶೋಧನೆ ನೆರವಿಗೆ ಬರುತ್ತದೆ. ಭಾವನಾತ್ಮಕ ಅನುಭವಗಳಲ್ಲಿ ಬಹುಪಾಲನ್ನು ಜನ ಯಾರಿಗಾದರೂ ಹೇಳಿಯೇ ಹೇಳುತ್ತಾರೆ, ಹೇಳಿದ ಮೇಲೆ ನೆಮ್ಮದಿಯಾಯಿತು ಎನ್ನುತ್ತಾರೆ. ಆದರೆ ಬರೀ ಹೇಳಿಕೊಂಡದ್ದರಿಂದ ನೋವಿನ ತೀವ್ರತೆ ಇಳಿಯುವುದಿಲ್ಲ ಎಂದು ಅವರ ತಂಡ ಮತ್ತೆ ಮತ್ತೆ ಕಂಡುಕೊಂಡಿತು. ಕೇಳುವವರು ಘಟನೆಯನ್ನು ಬೇರೆ ಬಗೆಯಲ್ಲಿ ನೋಡಲು ನೆರವಾದಾಗಲೇ ಅದು ಇಳಿಯುತ್ತದೆ. ಕಾಮೆಂಟ್‌ಗಳಲ್ಲಿ ಸಿಗುವುದು ಬಹುತೇಕ ಆ ಹೊತ್ತಿಗೆ ನೆಮ್ಮದಿ ಕೊಡುವ ಸಾಂತ್ವನ ಮಾತ್ರ: ಹೃದಯದ ಚಿಹ್ನೆ, “ಧೈರ್ಯವಾಗಿರಿ”. ಅದಕ್ಕೂ ಬೆಲೆಯಿದೆ. ಅದನ್ನೇ ಚಿಕಿತ್ಸೆ ಎಂದುಕೊಂಡು ದಿನಕ್ಕೊಂದು ಪೋಸ್ಟ್ ಹಾಕುತ್ತ ಹೋದರೆ ಮಾತ್ರ ನೋವು ಅಲ್ಲೇ ಸುತ್ತತೊಡಗುತ್ತದೆ. ಇಬ್ಬರು ಗೆಳೆಯರು ಒಂದೇ ಸಮಸ್ಯೆಯನ್ನು ಮತ್ತೆ ಮತ್ತೆ ಕೆದಕುತ್ತ ಕೂತರೆ ಸ್ನೇಹ ಗಾಢವಾಗುತ್ತದೆ, ಜೊತೆಗೆ ಖಿನ್ನತೆ, ಆತಂಕದ ಲಕ್ಷಣಗಳೂ ಹೆಚ್ಚಿರುತ್ತವೆ ಎಂದು ಅಮಾಂಡಾ ರೋಸ್ 2002ರಲ್ಲೇ ಮಕ್ಕಳು ಮತ್ತು ಹದಿಹರೆಯದವರ ಅಧ್ಯಯನದಲ್ಲಿ ತೋರಿಸಿದ್ದರು. ಒಂದೇ ಸಮಸ್ಯೆಯಿರುವವರ ಆನ್‌ಲೈನ್ ಗುಂಪಿಗೆ ಸೇರುವ ಮುನ್ನ ಹಳೆಯ ಮಾತುಕತೆಗಳನ್ನು ಓದಿ ನೋಡಿ. ಚೇತರಿಕೆ, ಚಿಕಿತ್ಸೆ, ದಿನಚರಿಯ ಮಾತು ಅಲ್ಲಿ ಇದೆಯೇ? ಗುಂಪು ನಡೆಸುವವರು ಅಪಾಯಕಾರಿ ಪೋಸ್ಟ್ ತೆಗೆದುಹಾಕುತ್ತಾರೆಯೇ? ಇಲ್ಲವಾದರೆ ಬೇರೆ ಗುಂಪು ಹುಡುಕುವುದು ಮೇಲು.

ಇನ್ನು ಯಾರಿಗೆ ಹೇಳುವುದು ಎಂಬುದು. ಎದುರಾಬದುರು ಮಾತಾಡುವಾಗ ಅಮ್ಮನಿಗೊಂದು ಬಗೆ, ಮೇಲಧಿಕಾರಿಗೊಂದು ಬಗೆ, ಗೆಳತಿಗೊಂದು ಬಗೆಯಲ್ಲಿ ಮಾತಾಡುತ್ತೇವೆ. ಜಾಲತಾಣದಲ್ಲಿ ಇವರೆಲ್ಲ ಒಂದೇ ಅಂಗಳದಲ್ಲಿ ನಿಂತಿರುತ್ತಾರೆ, ಐದು ವರ್ಷದ ನಂತರ ನಿಮ್ಮನ್ನು ಕೆಲಸಕ್ಕೆ ತೆಗೆದುಕೊಳ್ಳಬೇಕಾದವರೂ ಸೇರಿ. ಮಾನಸಿಕ ಕಾಯಿಲೆಯ ಕಳಂಕದ ಬಗ್ಗೆ ಬಹುಕಾಲ ಕೆಲಸ ಮಾಡಿರುವ ಪ್ಯಾಟ್ರಿಕ್ ಕಾರಿಗನ್, ಹೇಳಿಕೊಳ್ಳುವುದನ್ನು ಹೌದು ಅಥವಾ ಇಲ್ಲ ಎಂಬ ಪ್ರಶ್ನೆಯಾಗಿ ನೋಡುವುದಿಲ್ಲ. ಪೂರ್ತಿ ಗುಟ್ಟಾಗಿಡುವುದಕ್ಕೂ ಜಗತ್ತಿಗೆ ಸಾರುವುದಕ್ಕೂ ನಡುವೆ ಮೆಟ್ಟಿಲುಗಳಿವೆ. ಮೊದಲು ಒಬ್ಬರಿಗೆ, ಆಮೇಲೆ ಆಯ್ದ ಹತ್ತು ಜನರ ಪಟ್ಟಿಗೆ, ಅದು ಸರಿಹೋದರೆ ಇನ್ನೂ ಹೊರಗೆ. ಕೆಳಗಿನ ಮೆಟ್ಟಿಲಿನಿಂದ ಮೇಲಕ್ಕೆ ಯಾವಾಗ ಬೇಕಾದರೂ ಹೋಗಬಹುದು. ಮೇಲಿನಿಂದ ಇಳಿಯಲು ಆಗುವುದಿಲ್ಲ, ಏಕೆಂದರೆ ನೀವು ಅಳಿಸಿದ ಪೋಸ್ಟ್ ಬೇರೆಯವರ ಸ್ಕ್ರೀನ್‌ಶಾಟ್‌ನಲ್ಲಿ ಉಳಿದಿರಬಹುದು.

ಹೆಸರಿಲ್ಲದ ಖಾತೆ ತೆರೆದರೆ ಸಾಕು ಎಂದು ಅನೇಕರು ನಂಬಿದ್ದಾರೆ. ಆದರೆ ಚೂರು ಚೂರು ಮಾಹಿತಿ ಸೇರಿದರೆ ಆಳು ಸಿಕ್ಕಿಬಿಡುತ್ತಾನೆ. ಅಮೆರಿಕದ ಜನಸಂಖ್ಯೆಯ ಸುಮಾರು 87 ಪ್ರತಿಶತ ಮಂದಿಯನ್ನು ಪಿನ್ ಕೋಡ್, ಹುಟ್ಟಿದ ದಿನಾಂಕ, ಲಿಂಗ ಈ ಮೂರರಿಂದಲೇ ಗುರುತಿಸಬಹುದೆಂದು ಲತಾನ್ಯಾ ಸ್ವೀನಿ 2000ದಲ್ಲಿ ಲೆಕ್ಕ ಹಾಕಿದ್ದರು. ಹಾಗಾಗಿ ಹೊಸ ಖಾತೆಗೆ ಬೇರೆ ಇಮೇಲ್ ಬಳಸಿ, ಫೋನ್ ಸಂಖ್ಯೆ ಕೊಡಬೇಡಿ, ಫೋನಿನಲ್ಲಿರುವ ಸಂಪರ್ಕ ಪಟ್ಟಿಯನ್ನು ಓದಲು ಆ್ಯಪ್‌ಗೆ ಅನುಮತಿ ಕೊಡಬೇಡಿ. ಕೊಟ್ಟರೆ “ನಿಮಗೆ ಇವರು ಗೊತ್ತಿರಬಹುದು” ಎಂದು ನಿಮ್ಮ ಖಾತೆಯೇ ನೆರೆಮನೆಯವರಿಗೆ ಕಾಣಿಸಬಹುದು. ಹಳೆಯ ಖಾತೆಯಲ್ಲಿ ಹಾಕಿದ ಚಿತ್ರ ಇಲ್ಲಿ ಬೇಡ, ಚಿತ್ರದಿಂದಲೇ ಹುಡುಕುವ ಸೌಲಭ್ಯಗಳಿವೆ. ಹೊಸ ಚಿತ್ರ ಹಾಕುವ ಮುನ್ನ ಅದರೊಳಗೆ ಅಡಗಿರುವ ಸ್ಥಳದ ಮಾಹಿತಿಯನ್ನು ತೆಗೆಯಿರಿ. ಮಾತ್ರೆ ಚೀಟಿಯ ಮೇಲಿನ ಹೆಸರು, ಆಸ್ಪತ್ರೆಯ ಕೈಪಟ್ಟಿ, ಕಿಟಕಿಯಾಚೆ ಕಾಣುವ ಕಟ್ಟಡ, ಇವನ್ನೂ ಹುಡುಕಿ ನೋಡಿ. ವಯಸ್ಸು, ಕೆಲಸ, ಊರು, ಘಟನೆಯ ತಾರೀಖು ಒಂದೇ ಪೋಸ್ಟ್‌ನಲ್ಲಿ ಬೇಡ.

ನಿಮ್ಮ ಕಥೆಯಲ್ಲಿ ಬೇರೆಯವರೂ ಇರುತ್ತಾರೆ. ಅವರ ಪಾಲಿನ ಕಥೆ ಹೇಳಲು ಅವರ ಒಪ್ಪಿಗೆ ಬೇಕು. ಮಗುವಿನ ಕಾಯಿಲೆಯ ವಿಷಯದಲ್ಲಂತೂ ನನ್ನ ನಿಲುವು ಕಟ್ಟುನಿಟ್ಟು: ಗುರುತು ಸಿಗುವಂತೆ ಬರೆಯಲೇಬಾರದು. ಆ ಪೋಸ್ಟ್‌ನೊಂದಿಗೆ ಮುಂದೆ ಬದುಕಬೇಕಾದದ್ದು ಆ ಮಗು.

ಓದುವವರಿಗೆ ಆಗಬಹುದಾದ ಹಾನಿಯ ಬಗ್ಗೆ ವಿಜ್ಞಾನಕ್ಕೆ ಸಾಕಷ್ಟು ತಿಳಿದಿದೆ. ಆತ್ಮಹತ್ಯೆಯ ಸುದ್ದಿ ಪತ್ರಿಕೆಯ ಮುಖಪುಟದಲ್ಲಿ ಬಂದ ನಂತರ ಆತ್ಮಹತ್ಯೆಗಳು ಹೆಚ್ಚುತ್ತವೆ ಎಂದು 1974ರಲ್ಲಿ ಡೇವಿಡ್ ಫಿಲಿಪ್ಸ್ ತೋರಿಸಿದರು. 2010ರಲ್ಲಿ ವಿಯೆನ್ನಾದ ಥಾಮಸ್ ನೀಡರ್‌ಕ್ರೋಟೆಂಥಾಲರ್ ಮತ್ತು ಸಂಗಡಿಗರ ಅಧ್ಯಯನ ಇನ್ನೊಂದು ಮುಖ ತೋರಿಸಿತು: ಸಾಯುವ ಯೋಚನೆ ಬಂದರೂ ಅದನ್ನು ದಾಟಿ ಬದುಕಿದವರ ವರದಿಗಳು ಬಂದ ಮೇಲೆ ಆತ್ಮಹತ್ಯೆಯ ಪ್ರಮಾಣ ಇಳಿದಿತ್ತು. ಜಾಲತಾಣಕ್ಕೆಂದೇ ಆಸ್ಟ್ರೇಲಿಯಾದ ಒರಿಜೆನ್ ಸಂಸ್ಥೆ ಯುವಜನರ ಜೊತೆ ಸೇರಿ 2018ರಲ್ಲಿ ‘ಚಾಟ್‌ಸೇಫ್’ ಮಾರ್ಗಸೂಚಿ ತಂದದ್ದು ಇದೇ ತಿಳಿವಳಿಕೆಯಿಂದ. ಆತ್ಮಹತ್ಯೆಗೆ ಬಳಸಿದ ವಿಧಾನ, ಜಾಗ, ಬರೆದಿಟ್ಟ ಪತ್ರ ಇವ್ಯಾವುವೂ ಪೋಸ್ಟ್‌ನಲ್ಲಿ ಬರಬಾರದು. ಒಂದೇ ಕಾರಣಕ್ಕೆ ಹೀಗಾಯಿತು ಎಂದು ಬರೆದರೆ, ಅದೇ ಕಾರಣ ತನಗೂ ಇರುವ ಓದುಗನಿಗೆ ಅದೇ ದಾರಿ ತೋರಿಸಿದಂತಾಗುತ್ತದೆ. ಬದಲಿಗೆ ಆ ರಾತ್ರಿ ಹೇಗೆ ಕಳೆಯಿತು, ಯಾರನ್ನು ಕರೆದಿರಿ, ಮರುದಿನ ಏನು ಮಾಡಿದಿರಿ ಎಂಬುದನ್ನು ವಿವರವಾಗಿ ಬರೆಯಿರಿ. ಉಪಯೋಗಕ್ಕೆ ಬರುವ ಭಾಗ ಅದು. ಆಹಾರ ಸೇವನೆಯ ಕಾಯಿಲೆಯ ಬಗ್ಗೆ ಬರೆಯುವಾಗ ತೂಕ, ಕ್ಯಾಲೊರಿ, ಹಳೆಯ ಚಿತ್ರ ಬೇಡ. ಅದೇ ಕಾಯಿಲೆಯವರಿಗೆ ಆ ಅಂಕಿ ಗುರಿಯಾಗಿಬಿಡುತ್ತದೆ. ಔಷಧಿಯಿಂದ ಅನುಕೂಲವಾಯಿತು ಎನ್ನಬಹುದು, ಪ್ರಮಾಣ ಹೇಳಬಾರದು, ಬಿಟ್ಟುಬಿಡಿ ಎಂದಂತೂ ಹೇಳಲೇಬಾರದು. ಖಿನ್ನತೆಯ ಮಾತ್ರೆಗಳು ಪೂರ್ಣ ಪರಿಣಾಮ ಬೀರಲು ಹಲವು ವಾರ ಬೇಕು, ತಟ್ಟನೆ ನಿಲ್ಲಿಸಿದರೆ ತಲೆಸುತ್ತು, ನಿದ್ರಾಭಂಗ, ಆತಂಕ ಕಾಡಬಹುದು. ಪೋಸ್ಟ್‌ನ ಮೊದಲ ಸಾಲಿನಲ್ಲಿ ವಿಷಯ ತಿಳಿಸುವುದು ಸೌಜನ್ಯ. ಆದರೆ ಎಚ್ಚರಿಕೆ ಕೊಟ್ಟ ಮಾತ್ರಕ್ಕೆ ಓದುಗರ ಸಂಕಟ ಕಡಿಮೆಯಾಗುವುದಿಲ್ಲ ಎಂದು ಅಧ್ಯಯನಗಳು ಹೇಳುತ್ತವೆ. ಹಾಗಾಗಿ ಕೆಳಗೆ ಏನು ಬೇಕಾದರೂ ಬರೆಯಲು ಅದು ಪರವಾನಗಿಯಲ್ಲ.

ಪೋಸ್ಟ್ ಹಾಕಿದ ಮೊದಲ ದಿನ ಅಧಿಸೂಚನೆಗಳನ್ನು ನಿಲ್ಲಿಸಿಡಿ. ಕಾಮೆಂಟ್‌ಗಳನ್ನು ಪರಿಚಿತರಿಗೆ ಸೀಮಿತಗೊಳಿಸಿ, ಬೇಡವಾದರೆ ಮುಚ್ಚಿ. ಕೆಟ್ಟ ಮಾತು ಬಂದರೆ ಉತ್ತರಿಸದೆ ಅಳಿಸುವುದು, ತಡೆಯುವುದು ಸೋಲಲ್ಲ. ಆಪ್ತರೊಬ್ಬರು ಮೊದಲು ಓದಿ ಸೋಸಿಕೊಟ್ಟರೆ ಇನ್ನೂ ಒಳಿತು. ಹಳೆಯ ಪೋಸ್ಟ್ ನೆನಪಿಸುವ ಸೌಲಭ್ಯದಲ್ಲಿ ಆ ತಾರೀಖನ್ನು ಮರೆಮಾಡಿ, ಇಲ್ಲದಿದ್ದರೆ ಮುಂದಿನ ವರ್ಷ ಅದೇ ದಿನ ಅದು ತಾನಾಗಿಯೇ ಎದುರಿಗೆ ಬಂದು ನಿಲ್ಲುತ್ತದೆ.

ಅಪರಿಚಿತರ ಸಂದೇಶಗಳೂ ಬರುತ್ತವೆ: “ನನಗೂ ಹೀಗೇ ಆಗುತ್ತಿದೆ.” ಎಲ್ಲರ ಭಾರ ಹೊರಲು ಆಗುವುದಿಲ್ಲ. “ಬರೆದದ್ದಕ್ಕೆ ಧನ್ಯವಾದ. ನಾನು ತಜ್ಞೆಯಲ್ಲ, ಸಂದೇಶಗಳನ್ನು ಸದಾ ನೋಡಲೂ ಆಗುವುದಿಲ್ಲ. ದಯವಿಟ್ಟು ಈ ಸಹಾಯವಾಣಿಗೆ ಕರೆ ಮಾಡಿ” ಎಂಬ ಉತ್ತರವನ್ನು ಮೊದಲೇ ಬರೆದಿಟ್ಟುಕೊಳ್ಳಿ. ಆದರೆ ಯಾರಾದರೂ ಬದುಕು ಸಾಕೆಂಬ ಅರ್ಥದಲ್ಲಿ ಬರೆದರೆ, “ಸಾಯುವ ಯೋಚನೆ ಬರುತ್ತಿದೆಯೇ?” ಎಂದು ನೇರವಾಗಿಯೇ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ ಎಂಬುದಕ್ಕೆ ಸಂಶೋಧನೆಯ ಬೆಂಬಲವಿದೆ. ಹೌದು ಎಂದರೆ ಈಗ ಎಲ್ಲಿದ್ದಾರೆ, ಹತ್ತಿರ ಯಾರಿದ್ದಾರೆ ಎಂದು ಕೇಳಿ, ಆ ಹತ್ತಿರದವರನ್ನು ಕರೆಯಲು ಹೇಳಿ. ಉತ್ತರ ನಿಂತುಹೋದರೆ ಅವರಿರುವ ಊರಿನ ತುರ್ತು ಸೇವೆಗೆ ತಿಳಿಸಿ; ಊರು ಗೊತ್ತಿಲ್ಲದಿದ್ದರೆ ಆ ಪೋಸ್ಟ್ ಅಥವಾ ಸಂದೇಶದ ಪಕ್ಕದಲ್ಲಿರುವ ವರದಿ ಆಯ್ಕೆ ಒತ್ತಿ, ಆತ್ಮಹತ್ಯೆ ಅಥವಾ ಸ್ವಹಾನಿ ಎಂಬುದನ್ನು ಆರಿಸಿ. ಗುಟ್ಟಾಗಿಡುತ್ತೇನೆ ಎಂಬ ಮಾತನ್ನು ಮಾತ್ರ ಕೊಡಬೇಡಿ.