ಯಾರಿಗೂ ಬೇಡವಾದ ಕೆಲಸ ಮತ್ತು ಸ್ವಯಂಸೇವಕರು: ಆನ್‌ಲೈನ್ ಸಹಯೋಗಿ ಯೋಜನೆಗಳ ಕುರಿತು ಅಧ್ಯಯನ ಟಿಪ್ಪಣಿ

ವಿಕಿಸೋರ್ಸ್‌ನಲ್ಲಿ (ಸ್ವಯಂಸೇವಕರು ನಡೆಸುವ, ಪುಸ್ತಕಗಳ ಮುಕ್ತ ಜಾಲ ಗ್ರಂಥಾಲಯ) ಹಳೆಯ ಪುಸ್ತಕವೊಂದು ಪಠ್ಯವಾಗುವ ಕ್ರಮದಿಂದ ಈ ಟಿಪ್ಪಣಿಯನ್ನು ಆರಂಭಿಸಬಹುದು. ಸ್ಕ್ಯಾನ್ ಮಾಡಿದ ಪುಟದ ಚಿತ್ರ ಒಂದು ಬದಿಗೂ, ಓಸಿಆರ್ ತಂತ್ರಾಂಶ ಅದನ್ನು ಓದಿಕೊಟ್ಟ ಪಠ್ಯ ಇನ್ನೊಂದು ಬದಿಗೂ ಇರುತ್ತವೆ. ಯಾರೂ ತಿದ್ದದ ಪುಟ ಕೆಂಪು, ಒಬ್ಬರು ಕರಡು ತಿದ್ದಿದ ಪುಟ ಹಳದಿ, ಮತ್ತೊಬ್ಬರು ಚಿತ್ರದೊಡನೆ ಸಾಲುಸಾಲಾಗಿ ಹೋಲಿಸಿ ಸರಿಯಿದೆಯೆಂದು ಒಪ್ಪಿದ ಪುಟ ಹಸಿರು. ತಿದ್ದಿದವರೇ ತಮ್ಮ ಪುಟವನ್ನು ಹಸಿರು ಮಾಡಿಕೊಳ್ಳುವಂತಿಲ್ಲ. ಆ ಎರಡನೆಯ ಓದಿಗೆ ಬೇರೊಬ್ಬರೇ ಬರಬೇಕು. ಕನ್ನಡದ ಹಳೆಯ ಮುದ್ರಣದಲ್ಲಿ ‘ವು’ ಮತ್ತು ‘ಮ’ ಒಂದೇ ಬಗೆಯಾಗಿ ಕಾಣುವುದರಿಂದ ‘ನಾವು’ ಎಂಬುದನ್ನು ಯಂತ್ರ ‘ನಾಮ’ ಎಂದು ಓದಬಹುದು. ‘ನಾಮ’ ಸರಿಯಾದ ಪದವೇ ಆಗಿರುವುದರಿಂದ ಕಾಗುಣಿತ ಪರೀಕ್ಷಕ ಅದನ್ನು ಹಿಡಿಯುವುದಿಲ್ಲ. ಅನುಸ್ವಾರದ ಜಾಗದಲ್ಲಿ ಸೊನ್ನೆಯ ಅಂಕಿ ಕೂತಿದ್ದರಂತೂ ಕಣ್ಣಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ, ಆದರೆ ಆ ಪದವನ್ನು ಹುಡುಕಿದವರಿಗೆ ಪುಟ ಸಿಗುವುದಿಲ್ಲ. ಇಂಥ ತಪ್ಪುಗಳನ್ನು ಹುಡುಕುತ್ತಾ ಬೇರೆಯವರು ಈಗಾಗಲೇ ತಿದ್ದಿದ ಪುಟವನ್ನು ಮತ್ತೆ ಓದುವ ಕೆಲಸಕ್ಕೆ, ಹೊಸ ಪುಸ್ತಕವನ್ನು ಆರಂಭಿಸುವ ಕೆಲಸಕ್ಕಿರುವ ಸೆಳೆತ ಇಲ್ಲ.

ಸಂಬಳ ಕೊಡುವ ಸಂಸ್ಥೆಯಲ್ಲಿ ಇಂಥ ಕೆಲಸವನ್ನು ಹಂಚಿಬಿಡಬಹುದು. ಸ್ವಯಂಸೇವಕರ ಯೋಜನೆಯಲ್ಲಿ ಹಂಚುವ ಅಧಿಕಾರ ಯಾರಿಗೂ ಇಲ್ಲ. ಬಂದವರು ತಮಗಿಷ್ಟವಾದುದನ್ನು ಮಾಡಿ ಹೋಗುತ್ತಾರೆ. ‘ಊರಿಗೆ ಬಂದವಳು ನೀರಿಗೆ ಬಾರದಿರುವಳೇ’ ಎಂದು ಕಾದು ಕೂರುವ ಸಮುದಾಯಗಳು ಬಹಳ ಕಾಲ ಕಾಯಬೇಕಾಗುತ್ತದೆ. ಈ ವಿಷಯದ ಸಂಶೋಧನೆಗಳನ್ನೂ ಕೆಲವು ಯೋಜನೆಗಳ ಅನುಭವವನ್ನೂ ಒಟ್ಟಿಗೆ ಇಟ್ಟು ನೋಡಿದರೆ, ಪ್ರೇರಣೆಯ ಪ್ರಶ್ನೆಗೆ ಮುಂಚೆ ಕೆಲಸದ ಸ್ವರೂಪದ ಪ್ರಶ್ನೆಯನ್ನು ಕೇಳಬೇಕು ಎಂಬುದು ಈ ಟಿಪ್ಪಣಿಯ ನಿಲುವು.

ಬೇಡವಾಗುವುದಕ್ಕೆ ಕಾರಣ ಒಂದೇ ಅಲ್ಲ

ಜನ ದೂರವಿಡುವ ಕೆಲಸಗಳನ್ನೆಲ್ಲ ‘ಬೇಸರದ ಕೆಲಸ’ ಎಂದು ಒಂದೇ ಚೀಲಕ್ಕೆ ತುಂಬುವುದು ತಪ್ಪು. ಕೆಲವು ಕೆಲಸಗಳು ನಿಜವಾಗಿಯೂ ಬೇಸರದವು: ವರ್ಗಗಳನ್ನು ಸರಿಪಡಿಸುವುದು, ಈಗ ತೆರೆಯದ ‘ಸತ್ತ’ ಕೊಂಡಿಗಳನ್ನು ಬದಲಿಸುವುದು. ಕೆಲವು ಬೇಸರದವಲ್ಲ, ಆದರೆ ಮಾಡಿದ್ದು ಯಾರಿಗೂ ಕಾಣುವುದಿಲ್ಲ. ಮೇಲೆ ಹೇಳಿದ ಎರಡನೆಯ ಓದು ಈ ಗುಂಪಿನದು, ಏಕೆಂದರೆ ಅದು ಚೆನ್ನಾಗಿ ನಡೆದಷ್ಟೂ ಪುಟದಲ್ಲಿ ಅದರ ಗುರುತು ಕಡಿಮೆಯಾಗುತ್ತದೆ. ಇನ್ನು ಕೆಲವು ಕೆಲಸಗಳು ಮಾಡಿದವರಿಗೆ ವಿರೋಧಿಗಳನ್ನು ತಂದುಕೊಡುತ್ತವೆ. ಬೇರೊಬ್ಬರು ಕಷ್ಟಪಟ್ಟು ಬರೆದ ಲೇಖನವನ್ನು ಅಳಿಸಬೇಕೆಂದು ತೀರ್ಪು ಕೊಡುವುದು, ಜಗಳವಾಡುತ್ತಿರುವ ಇಬ್ಬರ ನಡುವೆ ನಿಲ್ಲುವುದು, ಕೃತಿಸ್ವಾಮ್ಯ ಉಲ್ಲಂಘಿಸಿದ ಚಿತ್ರವನ್ನು ತೆಗೆಯುವುದು ಇಂಥವು. ಬೇಸರಕ್ಕೆ ಕಂಡುಕೊಂಡ ಮದ್ದು ನಿಷ್ಠುರದ ಕೆಲಸಕ್ಕೆ ನಾಟುವುದಿಲ್ಲವಾದ್ದರಿಂದ, ಒಂದು ಯೋಜನೆಯ ಬಾಕಿಯನ್ನು ನೋಡುವಾಗ ಅದು ಯಾವ ಕಾರಣಕ್ಕೆ ಬಾಕಿಯಾಯಿತು ಎಂಬುದನ್ನು ಮೊದಲು ಬಿಡಿಸಿಕೊಳ್ಳಬೇಕು.

ಜನ ಹೇಳುವ ಕಾರಣ, ಜನರಿಂದ ಮಾಡಿಸುವ ಕಾರಣ

ಓದೆಡ್ ನೋವ್ 2007ರಲ್ಲಿ ಪ್ರಕಟಿಸಿದ, ವಿಕಿಪೀಡಿಯ ಸಂಪಾದಕರ ಪ್ರೇರಣೆಗಳ ಸಮೀಕ್ಷೆ ಈ ವಿಷಯದಲ್ಲಿ ಕಣ್ಣು ತೆರೆಸುವಂಥದ್ದು. ಸಂಪಾದಕರು ತಮ್ಮ ಪ್ರೇರಣೆಯೆಂದು ಹೇಳಿಕೊಂಡವುಗಳಲ್ಲಿ ಕೆಲಸದ ಖುಷಿಯೂ ‘ಜ್ಞಾನ ಎಲ್ಲರಿಗೂ ಮುಕ್ತವಾಗಿರಬೇಕು’ ಎಂಬ ಆದರ್ಶವೂ ಮೇಲಿನ ಸ್ಥಾನದಲ್ಲಿದ್ದವು. ಆದರೆ ಅವರು ವಾಸ್ತವವಾಗಿ ಎಷ್ಟು ಸಮಯ ಕೊಡುತ್ತಾರೆ ಎಂಬುದರ ಜೊತೆ ತಾಳೆ ನೋಡಿದಾಗ ಖುಷಿಗೆ ಸಂಬಂಧ ಕಂಡುಬಂತು, ಆದರ್ಶಕ್ಕೆ ಕಂಡುಬರಲಿಲ್ಲ. ಕನ್ನಡದ ಯೋಜನೆಗಳಲ್ಲಿ ರಾಜ್ಯೋತ್ಸವದ ತಿಂಗಳು ಬಂತೆಂದರೆ ‘ಕನ್ನಡ ಸೇವೆಗೆ ಕೈಜೋಡಿಸಿ’ ಎಂಬ ಕರೆಗಳು ಹೆಚ್ಚುತ್ತವೆ. ಅಂಥ ಕರೆ ಜನರನ್ನು ಬಾಗಿಲವರೆಗೆ ತರಬಲ್ಲದು. ಒಳಗೆ ಬಂದವರನ್ನು ಹಳದಿ ಪುಟದ ಮುಂದೆ ಕೂರಿಸುವ ಶಕ್ತಿ ಅದಕ್ಕೆ ಇದೆಯೆಂದು ನನಗೆ ಅನ್ನಿಸುವುದಿಲ್ಲ.

ಹಾಗಾದರೆ ಆಕರ್ಷಣೆಯಿಲ್ಲದ ಕೆಲಸ ನಡೆಯುವುದು ಹೇಗೆ? ಕರೀಂ ಲಖಾನಿ ಮತ್ತು ಎರಿಕ್ ವಾನ್ ಹಿಪ್ಪೆಲ್ 2003ರಲ್ಲಿ ಇದೇ ಪ್ರಶ್ನೆಯನ್ನು ಜಾಲತಾಣಗಳನ್ನು ನಡೆಸಲು ಬಳಸುವ ಮುಕ್ತ ತಂತ್ರಾಂಶವಾದ ಅಪಾಚೆ ವೆಬ್ ಸರ್ವರ್ ಯೋಜನೆಯ ಕುರಿತು ಕೇಳಿದರು. ತಂತ್ರಾಂಶ ಬರೆಯುವುದಕ್ಕೆ ಕೀರ್ತಿಯಿದೆ. ಆದರೆ ಹೊಸಬರ ಪ್ರಶ್ನೆಗಳಿಗೆ ಉಚಿತವಾಗಿ ಉತ್ತರಿಸುತ್ತಾ ಕೂರುವವರು ಯಾರು, ಏಕೆ? ಅವರಿಗೆ ಸಿಕ್ಕ ಉತ್ತರ ಸರಳವಾಗಿತ್ತು. ಉತ್ತರಿಸುವವರು ತಮ್ಮ ಸಮಯದ ಬಹುಪಾಲನ್ನು ಬೇರೆಯವರ ಪ್ರಶ್ನೋತ್ತರಗಳನ್ನು ಓದಿ ತಾವು ಕಲಿಯುವುದಕ್ಕೆ ಬಳಸುತ್ತಿದ್ದರು. ಲೇಖಕರ ಲೆಕ್ಕದ ಪ್ರಕಾರ ಅವರ ಶ್ರಮದ ಶೇ. 98ರಷ್ಟು ಹೀಗೆ ಅವರಿಗೇ ಕಲಿಕೆಯಾಗಿ ಮರಳುತ್ತಿತ್ತು. ಓದುವಾಗ ತಮಗೆ ಮೊದಲೇ ಗೊತ್ತಿರುವ ಪ್ರಶ್ನೆ ಕಣ್ಣಿಗೆ ಬಿದ್ದರೆ ನಾಲ್ಕು ಸಾಲು ಬರೆದು ಮುಂದೆ ಹೋಗುತ್ತಿದ್ದರು. ಅಂದರೆ ಬೇಡವಾದ ಕೆಲಸವು ಬೇಕಾದ ಕೆಲಸದ ದಾರಿಯಲ್ಲೇ ಸಿಗುವಂತಿದ್ದರೆ ಅದಕ್ಕೆ ಪ್ರತ್ಯೇಕ ಪ್ರೇರಣೆ ಬೇಕಾಗುವುದಿಲ್ಲ. ವಿಕಿಸೋರ್ಸ್‌ಗೆ ಇದನ್ನು ಅನ್ವಯಿಸುವುದಾದರೆ, ಹಳದಿ ಪುಟಗಳ ಪಟ್ಟಿಯನ್ನು ಎಲ್ಲರ ಮುಂದಿಡುವ ಬದಲು, ಆ ಪುಸ್ತಕವನ್ನು ಹೇಗಿದ್ದರೂ ಓದಬೇಕಾದ ವಿದ್ಯಾರ್ಥಿಯ ಮುಂದೆ ಆ ಪುಸ್ತಕದ ಹಳದಿ ಪುಟವನ್ನು ಇಡಬೇಕು.

ಮೊದಲು ಕೆಲಸವನ್ನೇ ಕಡಿಮೆ ಮಾಡುವುದು

ಬಾಕಿಯ ರಾಶಿಯನ್ನು ಕಂಡೊಡನೆ ‘ಜನ ಬೇಕು’ ಎನ್ನುವುದು ರೂಢಿ. ರಾಶಿ ಎಲ್ಲಿಂದ ಬರುತ್ತಿದೆ ಎಂದು ಕೇಳುವುದು ಹೆಚ್ಚು ಫಲಕಾರಿ. ಕನ್ನಡ ವಿಕಿಪೀಡಿಯದ್ದೇ ಉದಾಹರಣೆಯಿದೆ. 2010ರ ಆಸುಪಾಸಿನಲ್ಲಿ ಗೂಗಲ್ ತನ್ನ ಅನುವಾದ ಸಾಧನವನ್ನು ಬಳಸಿ, ಹಣ ಕೊಟ್ಟು ನೇಮಿಸಿದ ಅನುವಾದಕರ ಮೂಲಕ ಇಂಗ್ಲಿಷ್ ಲೇಖನಗಳನ್ನು ಕನ್ನಡ, ತೆಲುಗು, ತಮಿಳು ಮುಂತಾದ ಭಾಷೆಗಳ ವಿಕಿಪೀಡಿಯಗಳಿಗೆ ಸೇರಿಸಿತು. ಲೇಖನಗಳ ಸಂಖ್ಯೆ ಏರಿತು. ಆದರೆ ವಾಕ್ಯರಚನೆ ಅನೇಕ ಕಡೆ ಕನ್ನಡದ ಜಾಯಮಾನಕ್ಕೆ ಒಗ್ಗದ್ದಾಗಿತ್ತು, ಬರೆದವರು ಯೋಜನೆ ಮುಗಿದ ಮೇಲೆ ಹಿಂದಿರುಗಿ ನೋಡಲಿಲ್ಲ, ಚಿಕ್ಕ ಸಮುದಾಯದ ಕೆಲವೇ ಸಂಪಾದಕರ ಹೆಗಲಿಗೆ ತಾವು ಬರೆಯದ ಉದ್ದುದ್ದ ಲೇಖನಗಳನ್ನು ತಿದ್ದುವ ಹೊರೆ ಬಿತ್ತು. ಇಲ್ಲಿ ಕೊರತೆಯಿದ್ದದ್ದು ಉತ್ಸಾಹದಲ್ಲಿ ಅಲ್ಲ. ಒಳಬರುವ ಲೇಖನಗಳ ಪ್ರಮಾಣಕ್ಕೂ ತಿದ್ದಬಲ್ಲ ಕೈಗಳ ಪ್ರಮಾಣಕ್ಕೂ ತಾಳಮೇಳವಿರಲಿಲ್ಲ.

ಇಂಗ್ಲಿಷ್ ವಿಕಿಪೀಡಿಯ ಈ ತಾಳಮೇಳವನ್ನು ನಿಯಮದ ಮೂಲಕವೇ ಸರಿಪಡಿಸಿಕೊಂಡಿತು. ಹೊಸ ಲೇಖನಗಳನ್ನು ಪರಿಶೀಲಿಸುವವರು ಸಾಲದೆ ಬಾಕಿ ಬೆಳೆಯುತ್ತಿದ್ದಾಗ, 2017ರಲ್ಲಿ ಪ್ರಯೋಗ ನಡೆಸಿ 2018ರಿಂದ ಶಾಶ್ವತವಾಗಿ, ಖಾತೆ ತೆರೆದು ನಾಲ್ಕು ದಿನವಾಗಿರದ ಅಥವಾ ಹತ್ತು ಸಂಪಾದನೆ ಮಾಡಿರದ ಬಳಕೆದಾರರು ನೇರವಾಗಿ ಹೊಸ ಲೇಖನ ಸೃಷ್ಟಿಸುವುದನ್ನು ನಿಲ್ಲಿಸಲಾಯಿತು. ಯಂತ್ರಕ್ಕೆ ಒಪ್ಪಿಸಬಹುದಾದುದನ್ನು ಯಂತ್ರಕ್ಕೆ ಒಪ್ಪಿಸುವುದೂ ಇದೇ ಸಾಲಿನ ಕ್ರಮ. ಸತ್ತ ಕೊಂಡಿಗಳ ಜಾಗದಲ್ಲಿ, ಹಳೆಯ ಜಾಲಪುಟಗಳನ್ನು ಉಳಿಸಿಡುವ ಇಂಟರ್ನೆಟ್ ಆರ್ಕೈವ್‌ನ ಪ್ರತಿಯನ್ನು ಕೂರಿಸುವ ಕೆಲಸದಲ್ಲಿ 2018ರ ಹೊತ್ತಿಗೆ ಬಾಟ್ (ತಾನಾಗಿಯೇ ಸಂಪಾದಿಸುವ ತಂತ್ರಾಂಶ) ಮತ್ತು ಸ್ವಯಂಸೇವಕರು ಸೇರಿ 90 ಲಕ್ಷಕ್ಕೂ ಹೆಚ್ಚು ಕೊಂಡಿಗಳನ್ನು ಉಳಿಸಿದ್ದರು. ಬರಿಗೈಯಲ್ಲಿ ಮಾಡಿ ಮುಗಿಸುವ ಕೆಲಸ ಅದಾಗಿರಲಿಲ್ಲ.

ತುಂಡು ಮಾಡಿ, ತಕ್ಕವರ ಮುಂದಿಡುವುದು

ಉಳಿದ ಕೆಲಸಕ್ಕೆ ಮನುಷ್ಯರೇ ಬೇಕು. ಹತ್ತು ಸಾವಿರ ಲೇಖನಗಳಿಗೆ ಉಲ್ಲೇಖ ಬೇಕಾಗಿದೆ ಎಂಬ ಪಟ್ಟಿಯನ್ನು ಕಂಡವರಿಗೆ ತಮ್ಮ ಒಂದು ಉಲ್ಲೇಖದಿಂದ ಏನಾದೀತು ಎನ್ನಿಸುವುದು ಸಹಜ. ‘ಸೈಟೇಶನ್ ಹಂಟ್’ ಎಂಬ ಸಾಧನ ಆ ಪಟ್ಟಿಯನ್ನು ಬಚ್ಚಿಟ್ಟು, ಉಲ್ಲೇಖವಿಲ್ಲದ ಒಂದೇ ಒಂದು ತುಣುಕನ್ನು ತೋರಿಸಿ, ಬೇಡವೆಂದರೆ ಮುಂದಿನದನ್ನು ತೋರಿಸುತ್ತದೆ. ವಿಕಿಪೀಡಿಯಕ್ಕೆ 15 ವರ್ಷ ತುಂಬಿದ 2016ರ ಜನವರಿಯಲ್ಲಿ ಆರಂಭವಾದ ‘ಒಬ್ಬ ಗ್ರಂಥಪಾಲಕ, ಒಂದು ಉಲ್ಲೇಖ’ ಅಭಿಯಾನ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಸಾಮಾನ್ಯ ಸಂಪಾದಕರು ಬೇಸರಪಡುವ ಆಕರ ಹುಡುಕುವ ಕೆಲಸ ಗ್ರಂಥಪಾಲಕರ ದಿನನಿತ್ಯದ ವೃತ್ತಿ. ಅವರಿಂದ ಕೇಳಿದ್ದು ಒಂದೇ ಒಂದು ಉಲ್ಲೇಖ. ಒಬ್ಬರಿಗೆ ಬೇಡವಾದ ಕೆಲಸ ಇನ್ನೊಬ್ಬರ ಕೈಗೆ ಪಳಗಿರುತ್ತದೆ ಎಂಬ ತಿಳಿವಳಿಕೆಯ ಮೇಲೆ ಈ ಅಭಿಯಾನ ನಿಂತಿದೆ. ಇದೇ ತಿಳಿವಳಿಕೆಯನ್ನು ಯಂತ್ರದ ಮೂಲಕ ಅನುಸರಿಸುವ ‘ಸಜೆಸ್ಟ್‌ಬಾಟ್’, ಸಂಪಾದಕರ ಹಿಂದಿನ ಕೆಲಸವನ್ನು ನೋಡಿ ಅವರ ಆಸಕ್ತಿಗೆ ಹೊಂದುವ, ತಿದ್ದುಪಡಿ ಬೇಕಾಗಿರುವ ಲೇಖನಗಳನ್ನು ಸೂಚಿಸುತ್ತದೆ. ಸುಮ್ಮನೆ ಎತ್ತಿಕೊಟ್ಟ ಲೇಖನಗಳಿಗಿಂತ ಹೀಗೆ ಆರಿಸಿ ಕೊಟ್ಟ ಲೇಖನಗಳನ್ನು ಜನ ಸುಮಾರು ನಾಲ್ಕು ಪಟ್ಟು ಹೆಚ್ಚಾಗಿ ಸಂಪಾದಿಸಿದರೆಂದು 2007ರ ಅಧ್ಯಯನ ತೋರಿಸಿತು.

ಕೇಳುವ ರೀತಿಯ ಬಗ್ಗೆಯೂ ಒಂದು ಮಾತು ಹೇಳಬೇಕು. ಚಲನಚಿತ್ರಗಳಿಗೆ ಅಂಕ ಕೊಡುವ ಮೂವಿಲೆನ್ಸ್ ತಾಣದ ಸದಸ್ಯರ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ‘ನಿಮ್ಮ ಅಭಿರುಚಿ ಅಪರೂಪದ್ದು, ನೀವು ಕೊಡುವ ಅಂಕವನ್ನು ಬೇರೆಯವರು ಕೊಡಲಾರರು’ ಎಂಬ ಅರ್ಥದ ಪತ್ರ ಬಂದವರು ಹೆಚ್ಚು ಕೊಡುಗೆ ನೀಡಿದರು. ನಿಖರವಾದ ಸಂಖ್ಯೆಯ ಗುರಿ ‘ಕೈಲಾದಷ್ಟು ಮಾಡಿ’ ಎಂಬ ಮಾತಿಗಿಂತ ಹೆಚ್ಚು ಫಲ ಕೊಟ್ಟಿತು. ‘ಯಾರಾದರೂ ಈ ಪುಟಗಳನ್ನು ನೋಡುತ್ತೀರಾ’ ಎಂದು ಗುಂಪಿಗೆ ಹಾಕುವ ಸಂದೇಶ ವ್ಯರ್ಥವಾಗುವುದಕ್ಕೂ, ‘ಹಳಗನ್ನಡ ಬಲ್ಲವರು ನೀವು, ಱ ಮತ್ತು ೞ ಇರುವ ಈ ಐದು ಪುಟಗಳನ್ನು ನೋಡಿಕೊಡಿ’ ಎಂದು ಒಬ್ಬರಿಗೇ ಬರೆದ ಪತ್ರಕ್ಕೆ ಉತ್ತರ ಬರುವುದಕ್ಕೂ ಇರುವ ಅಂತರ ಇದರಿಂದ ಅರ್ಥವಾಗುತ್ತದೆ.

ಮೆಚ್ಚುಗೆ, ಅಂಕ, ಹಣ

ವಿಕಿಪೀಡಿಯದಲ್ಲಿ ಒಬ್ಬ ಸಂಪಾದಕ ಇನ್ನೊಬ್ಬರ ಚರ್ಚಾಪುಟದಲ್ಲಿ ಅಂಟಿಸುವ ‘ಬಾರ್ನ್‌ಸ್ಟಾರ್’ ಎಂಬ ಪದಕಕ್ಕೆ ಕಾಸಿನ ಬೆಲೆಯಿಲ್ಲ, 2003ರಿಂದ ಅದು ಬಳಕೆಯಲ್ಲಿದೆ. ಮೈಕೆಲ್ ರೆಸ್ಟಿವೊ ಮತ್ತು ಅರ್ನೌಟ್ ವಾನ್ ಡಿ ರೈಟ್ 2012ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅತಿ ಹೆಚ್ಚು ದುಡಿಯುವ ಶೇ. 1ರ ಗುಂಪಿನಿಂದ ಚೀಟಿಯೆತ್ತಿದಂತೆ ಆರಿಸಿದ ಕೆಲವರಿಗೆ ಪದಕ ನೀಡಿ ನೋಡಿದಾಗ, ಮುಂದಿನ 90 ದಿನಗಳಲ್ಲಿ ಅವರ ಕೆಲಸ ಪದಕ ಪಡೆಯದವರಿಗಿಂತ ಶೇ. 60ರಷ್ಟು ಹೆಚ್ಚಿತ್ತು. ಆದರೆ ಅದೇ ಸಂಶೋಧಕರು ಅಷ್ಟಾಗಿ ದುಡಿಯದವರ ಮೇಲೆ ಅದೇ ಪ್ರಯೋಗ ಮಾಡಿದಾಗ ಅಂಥ ಪರಿಣಾಮ ಸಿಗಲಿಲ್ಲ. ಹೊಸಬರ ವಿಷಯದಲ್ಲಿ ಚಿತ್ರ ಬೇರೆ: ಜರ್ಮನ್ ವಿಕಿಪೀಡಿಯದಲ್ಲಿ ಜಾನಾ ಗ್ಯಾಲಸ್ ನಡೆಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಾಂಕೇತಿಕ ಪ್ರಶಸ್ತಿ ಪಡೆದ ಹೊಸಬರು ಯೋಜನೆಯಲ್ಲಿ ಉಳಿಯುವ ಪ್ರಮಾಣ ಶೇ. 20ರಷ್ಟು ಏರಿತು. ಈ ಮೂರನ್ನೂ ಸೇರಿಸಿ ಓದುವಾಗ ಸಹಪಾಠಿಗಳು ಒಂದು ಎಚ್ಚರ ವಹಿಸಬೇಕು. ಇಲ್ಲಿ ಅಳೆದದ್ದು ಒಟ್ಟು ಸಂಪಾದನೆಯನ್ನು ಅಥವಾ ಉಳಿಯುವಿಕೆಯನ್ನು. ಪದಕ ಪಡೆದವರು ಬೇಡವಾದ ಕೆಲಸದ ಕಡೆಗೆ ತಿರುಗಿದರೆಂದು ಇವು ಹೇಳುವುದಿಲ್ಲ. ಪದಕವು ಯಾವ ಕೆಲಸಕ್ಕೆ ಎಂಬುದನ್ನು ಬಿಡಿಸಿ ಬರೆದರೆ ಮಾತ್ರ ಕಾಣದ ಕೆಲಸ ಕಾಣುವಂತಾಗುತ್ತದೆ ಎಂದು ನನ್ನ ಊಹೆ.

ಅಂಕಗಳ ಸ್ಪರ್ಧೆ ಇನ್ನೂ ನಾಜೂಕಿನದು. ಪುಟವೊಂದಕ್ಕೆ ಇಷ್ಟು ಅಂಕ ಎಂದೊಡನೆ ಅಕ್ಷರ ಕಡಿಮೆಯಿರುವ ಪುಟಗಳು ಮೊದಲು ಖಾಲಿಯಾಗುತ್ತವೆ, ಅಡಿಟಿಪ್ಪಣಿ ತುಂಬಿದ ಪುಟ ಹಾಗೇ ಉಳಿಯುತ್ತದೆ. ಎರಡನೆಯ ಓದಿಗೆ ಕಡಿಮೆ ಅಂಕವಿಟ್ಟರೆ ಅದನ್ನು ಯಾರೂ ಮುಟ್ಟುವುದಿಲ್ಲ, ಹೆಚ್ಚಿಟ್ಟರೆ ಓದದೆಯೇ ಹಸಿರು ಬಣ್ಣ ಬಳಿಯಲು ಆಸೆ ಹುಟ್ಟುತ್ತದೆ.

ಹಣದ ಪಾಠಕ್ಕೆ, ಸ್ವಯಂಸೇವಕರು ಸೇರಿ ಕಟ್ಟುವ ಉಚಿತ ಆಪರೇಟಿಂಗ್ ಸಿಸ್ಟಂ ಆದ ಡೆಬಿಯನ್ ಯೋಜನೆಯ ಇತಿಹಾಸ ಸಾಕು. ಹೊಸ ಆವೃತ್ತಿಯನ್ನು ಸಕಾಲಕ್ಕೆ ಹೊರತರುವ ಸಮನ್ವಯದ ಕೆಲಸ ದೊಡ್ಡ ಹೊರೆ. 2006ರಲ್ಲಿ ‘ಡಂಕ್-ಟ್ಯಾಂಕ್’ ಎಂಬ ಏರ್ಪಾಟಿನಡಿ ಬಿಡುಗಡೆ ನಿರ್ವಾಹಕರಿಬ್ಬರಿಗೆ ತಲಾ ಒಂದು ತಿಂಗಳು ಪೂರ್ಣಾವಧಿ ದುಡಿಯಲು ಹಣ ಕೊಡಲಾಯಿತು. ವರ್ಷಗಟ್ಟಲೆ ಉಚಿತವಾಗಿ ದುಡಿದ ಉಳಿದವರಲ್ಲಿ ಕೆಲವರು ಇದನ್ನು ವಿರೋಧಿಸಿ ತಮ್ಮ ಕೆಲಸ ತಗ್ಗಿಸಿದರು. ಡಿಸೆಂಬರ್‌ನಲ್ಲಿ ಬರಬೇಕಿದ್ದ 4.0 ಆವೃತ್ತಿ 2007ರ ಏಪ್ರಿಲ್‌ಗೆ ಬಂತು. ತಡವಾದದ್ದಕ್ಕೆ ಇದೊಂದೇ ಕಾರಣ ಎನ್ನಲಾಗದು, ಆದರೆ ಹಣ ಉದ್ದೇಶ ಸಾಧಿಸಲಿಲ್ಲ. ಇದೇ ಡೆಬಿಯನ್‌ನಲ್ಲಿ 2014ರಿಂದ, ಹಳೆಯ ಆವೃತ್ತಿಗಳಿಗೆ ಭದ್ರತಾ ತಿದ್ದುಪಡಿ ಒದಗಿಸುವ ಕೆಲಸ ಪ್ರಾಯೋಜಕ ಕಂಪನಿಗಳ ಹಣದಿಂದ ನಡೆಯುತ್ತಾ ಬಂದಿದೆ, ಅಷ್ಟು ಗದ್ದಲವಿಲ್ಲದೆ. ವ್ಯತ್ಯಾಸವನ್ನು ನಾನು ಹೀಗೆ ಓದುತ್ತೇನೆ: ಎರಡನೆಯದು ಸ್ವಯಂಸೇವಕರು ಕೈಬಿಟ್ಟಿದ್ದ ಕೆಲಸ, ಹಣ ಬಂದದ್ದು ಆ ಕೆಲಸದ ಲಾಭ ಪಡೆಯುವ ಹೊರಗಿನವರಿಂದ. ಮೊದಲನೆಯದರಲ್ಲಿ ಪಕ್ಕಪಕ್ಕದಲ್ಲಿ ಕೂತು ದುಡಿಯುವವರಲ್ಲಿ ಇಬ್ಬರಿಗೆ ಮಾತ್ರ ಬೆಲೆ ಕಟ್ಟಿದಂತಾಯಿತು.

ನಿಷ್ಠುರದ ಕೆಲಸ

‘ಯಥಾರ್ಥವಾದಿ ಲೋಕವಿರೋಧಿ’ ಎಂಬಂತೆ, ಅಳಿಸುವ ಮತ್ತು ತಡೆಹಿಡಿಯುವ ಕೆಲಸ ಮಾಡುವವರಿಗೆ ಪದಕಕ್ಕಿಂತ ರಕ್ಷಣೆ ಮುಖ್ಯ. ಇಂಗ್ಲಿಷ್ ವಿಕಿಪೀಡಿಯದ ಪಂಚಾಯ್ತಿ ಸಮಿತಿಯ ಸದಸ್ಯರು ಚುನಾಯಿತರಾಗಿ ನಿಗದಿತ ಅವಧಿಗೆ ಮಾತ್ರ ಇರುತ್ತಾರೆ. ಡೆಬಿಯನ್‌ನ ನಾಯಕತ್ವದ ಅವಧಿ ಒಂದೇ ವರ್ಷ. ಕೊನೆಯ ದಿನ ಮೊದಲೇ ಗೊತ್ತಿರುವ ಹೊಣೆಯನ್ನು ಒಪ್ಪಿಕೊಳ್ಳುವುದು ಸುಲಭ, ಅವಧಿ ಮುಗಿದಾಗ ಬಿಟ್ಟುಹೋಗುವುದು ಪಲಾಯನವೂ ಆಗುವುದಿಲ್ಲ. ಸಮಿತಿಯ ಇನ್ನೊಂದು ಅನುಕೂಲವೆಂದರೆ ತೀರ್ಪು ಒಬ್ಬರ ಹೆಸರಿನಲ್ಲಿ ಹೊರಬೀಳುವುದಿಲ್ಲ. ಕನ್ನಡದಂಥ ಚಿಕ್ಕ ವಿಕಿಗಳಲ್ಲಿ ಸಮಿತಿ ಮಾಡುವಷ್ಟು ಜನರೇ ಇರುವುದಿಲ್ಲ. ನಿರ್ವಾಹಕರು ಬೆರಳೆಣಿಕೆಯವರು, ಲೇಖನ ಬರೆದವರಿಗೂ ಅಳಿಸಬೇಕಾದವರಿಗೂ ಮುಖಪರಿಚಯವಿರುತ್ತದೆ, ಮುಂದಿನ ಸಮ್ಮಿಲನದಲ್ಲಿ ಇಬ್ಬರೂ ಒಂದೇ ಮೇಜಿಗೆ ಕೂರಬೇಕಾಗುತ್ತದೆ. ಅಂಥ ಕಡೆ ಲಿಖಿತ ನಿಯಮವೇ ಸಮಿತಿಯ ಕೆಲಸವನ್ನು ಮಾಡಬೇಕು. ಯಾವ ಲೇಖನ ಉಳಿಯಬೇಕು, ಎಷ್ಟು ದಿನ ಚರ್ಚೆಗೆ ಬಿಡಬೇಕು, ಆಕ್ಷೇಪವನ್ನು ಎಲ್ಲಿ ಬರೆಯಬೇಕು ಎಂಬುದು ಜಗಳ ಹುಟ್ಟುವ ಮೊದಲೇ ಕನ್ನಡದಲ್ಲಿ ಬರೆದು ಒಪ್ಪಿತವಾಗಿದ್ದರೆ, ಅಳಿಸುವವರು ತಮ್ಮ ಅಭಿಪ್ರಾಯವನ್ನು ಸಮರ್ಥಿಸಿಕೊಳ್ಳುವ ಬದಲು ಆ ಪುಟದ ಕೊಂಡಿಯನ್ನು ಕೊಟ್ಟು ಮುಂದಿನ ಕೆಲಸಕ್ಕೆ ಹೋಗಬಹುದು.