‘ಈ ವಯಸ್ಸಲ್ಲಿ ಅದೆಲ್ಲ ಯಾಕಮ್ಮಾ’ ಅನ್ನಬೇಡಿ

ಭುಜ ನೋವು ಅಂತ ಬಂದಿದ್ದರು. ಅರವತ್ತು ದಾಟಿದ ಅಮ್ಮ, ಜೊತೆಗೆ ಮಗ. ಪಾರ್ಕಿನ್ಸನ್ಸ್ ಇದೆ, ಮಾತ್ರೆ ನಡೆಯುತ್ತಿದೆ ಅಂದರು. ಈ ಕಾಯಿಲೆಯಲ್ಲಿ ಭುಜ ಬಿಗಿಯುವುದು ನಮ್ಮಂಥ ಫಿಸಿಯೋಥೆರಪಿಸ್ಟ್‌ಗಳಿಗೆ ಹೊಸದೇನಲ್ಲ. ಬಿಸಿ ಕೊಡುವ ಮೊದಲು ಎಲ್ಲರಿಗೂ ಕೇಳುವ ಪ್ರಶ್ನೆ ಕೇಳಿದೆ: ಮೈಯೊಳಗೆ ಏನಾದರೂ ಮಷಿನ್, ರಾಡು, ಪ್ಲೇಟು ಹಾಕಿದ್ದಾರಾ? ಅಮ್ಮ ‘ಇಲ್ಲ’ ಅಂದರು. ಮಗ ಮೊಬೈಲ್ ನೋಡುತ್ತಿದ್ದ.

ಕತ್ತಿನವರೆಗೂ ಮುಚ್ಚಿದ ರವಿಕೆ. ಅದರ ಮೇಲೆ ಸೆರಗನ್ನು ಬಿಗಿಯಾಗಿ ಸುತ್ತಿಕೊಂಡಿದ್ದರು, ಏಪ್ರಿಲ್ ಬಿಸಿಲಿನಲ್ಲಿ. ಭುಜ ನೋಡಲು ಅವರ ಜಡೆ ಸ್ವಲ್ಪ ಸರಿಸಿದೆ. ಕಿವಿಯ ಹಿಂದಿನಿಂದ ಕುತ್ತಿಗೆಗುಂಟ ಚರ್ಮದ ಕೆಳಗೆ ದಾರ ಎದ್ದು ನಿಂತ ಹಾಗೆ ಒಂದು ಗೆರೆ ಕಂಡಿತು. ನಾನು ಮಷಿನ್ನಿನ ಪ್ಲಗ್ಗನ್ನೇ ಕಿತ್ತೆ.

ಅದು ಡಿಬಿಎಸ್ ವೈರು. ಡಿಬಿಎಸ್ ಅಂದರೆ ಡೀಪ್ ಬ್ರೈನ್ ಸ್ಟಿಮ್ಯುಲೇಷನ್, ಪಾರ್ಕಿನ್ಸನ್ಸ್‌ನ ನಡುಕ ತಗ್ಗಿಸಲು ಆಪರೇಷನ್ ಮಾಡಿ ಮಿದುಳಿಗೆ ಸಣ್ಣದಾಗಿ ಕರೆಂಟು ಕೊಡುವ ಮಷಿನ್. ಮಿದುಳಿನ ಆಳದಲ್ಲಿ ತೆಳುವಾದ ತಂತಿ, ಕಾಲರ್‌ ಮೂಳೆಯ ಕೆಳಗೆ ಬ್ಯಾಟರಿ, ಇವೆರಡರ ನಡುವೆ ಈ ವೈರು. ಡಯಾಥರ್ಮಿ, ಅಂದರೆ ನಾವು ಮಷಿನ್ನಿನಿಂದ ಮೈಯೊಳಗೆ ಕೊಡುವ ಬಿಸಿ, ಕೊಟ್ಟರೆ ಆ ಶಕ್ತಿ ವೈರಿನ ಮೂಲಕ ಹೋಗಿ ತಂತಿಯ ತುದಿಯಲ್ಲಿ ಮಿದುಳನ್ನೇ ಸುಡಬಹುದು. ಹಾಗೆ ಜೀವ ಹೋದದ್ದೂ ಇದೆ. ಶಾರ್ಟ್‌ವೇವ್, ಮೈಕ್ರೋವೇವ್, ಅಲ್ಟ್ರಾಸೌಂಡ್, ಯಾವ ಡಯಾಥರ್ಮಿಯೂ ಕೂಡದು. ಮಂಡಿಗೂ ಕೂಡದು, ಬ್ಯಾಟರಿ ಆಫ್ ಮಾಡಿದ್ದರೂ ಕೂಡದು.

ಆ ಅಮ್ಮ ಸುಳ್ಳು ಹೇಳುವ ಸ್ವಭಾವದವರಲ್ಲ. ಆಪರೇಷನ್ನಿಗೆ ಮೊದಲು ಅವರು ಮನೆಯವರನ್ನು ಒಂದೇ ಒಂದು ಪ್ರಶ್ನೆ ಕೇಳಿದ್ದರಂತೆ: ‘ಎದೆ ಮೇಲೆ ಉಬ್ಬಿ ಕಾಣುತ್ತದಾ?’ ‘ಈ ವಯಸ್ಸಲ್ಲಿ ಅದೆಲ್ಲ ಯಾಕಮ್ಮಾ, ಕೈ ನಡುಗದಿದ್ದರೆ ಸಾಕಲ್ವಾ’ ಅಂತ ಉತ್ತರ ಬಂತು. ಆಮೇಲೆ ಅವರು ಏನೂ ಕೇಳಲಿಲ್ಲ. ಯಾವುದೋ ನಾಮಕರಣದಲ್ಲಿ ಒಬ್ಬರು ‘ಇದೇನ್ರೀ ಗಂಟು?’ ಅಂದದ್ದೇ ಕೊನೆ, ಮುಚ್ಚಿಕೊಳ್ಳುವುದು ಶುರುವಾಯಿತು. ಮೊದಲು ಬಟ್ಟೆಯಿಂದ, ಆಮೇಲೆ ಮಾತಿನಿಂದ.

ಈ ‘ಯಾಕಮ್ಮಾ’ ಅನ್ನುವ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಹೇಳುವವರು ಕೆಟ್ಟವರಲ್ಲ, ಪ್ರೀತಿಯಿಂದ ಓಡಾಡಿ, ಸಾಲ ಮಾಡಿ ಆಪರೇಷನ್ ಮಾಡಿಸಿದವರೇ. ಆದರೂ ನನಗೆ ಸಿಟ್ಟು ಬರುತ್ತದೆ. ಹೇಗೆ ಕಾಣುತ್ತದೆ ಅಂತ ಕೇಳುವುದು ಶೋಕಿ ಅಲ್ಲ. ಅದು ಅವರ ಮೈ. ನಡುಗುವ ಕೈಯನ್ನು ವರ್ಷಗಟ್ಟಲೆ ಸೆರಗಿನೊಳಗೆ, ಪ್ಯಾಂಟಿನ ಜೇಬಿನೊಳಗೆ ಬಚ್ಚಿಟ್ಟವರು ಅವರು. ಒಂದು ಬಚ್ಚಿಡುವ ಕೆಲಸ ಮುಗಿಯಿತು ಅಂದುಕೊಳ್ಳುವಾಗ ಇನ್ನೊಂದು ಶುರುವಾದರೆ ಹೇಗಿರುತ್ತದೆ ಹೇಳಿ.

ಆ ಪ್ರಶ್ನೆಯನ್ನು ಮೊದಲೇ ಕೇಳಿದರೆ ಎಷ್ಟೋ ಸಲ ಏನಾದರೂ ಮಾಡಲು ಆಗುತ್ತದೆ. ಬ್ಯಾಟರಿ ಹೆಚ್ಚುಕಡಿಮೆ ಬೆಂಕಿಪೊಟ್ಟಣದ ಗಾತ್ರ. ಸಣಕಲು ಮೈಯವರಿಗೆ ಎದ್ದು ಕಾಣುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಎಡಕ್ಕಾ ಬಲಕ್ಕಾ, ಸ್ವಲ್ಪ ಕೆಳಗೆ ಆಗುತ್ತದಾ ಅಂತ ಸರ್ಜನ್ ಹತ್ತಿರ ಮಾತಾಡಬಹುದು. ನಮ್ಮಲ್ಲಿ ಸೆರಗು ಎಡಭುಜದ ಮೇಲೆ, ಜನಿವಾರವೂ ಅಲ್ಲೇ. ಕಾರು ಓಡಿಸುವವರ ಸೀಟ್‌ಬೆಲ್ಟು ಬಲಭುಜದ ಮೇಲೆ. ಬ್ಯಾಗು ಯಾವ ಕಡೆ, ಮಲಗುವುದು ಯಾವ ಮಗ್ಗುಲಿಗೆ? ಇವನ್ನೆಲ್ಲ ಹೇಳಿ. ಚಾರ್ಜ್ ಮಾಡುವ ಬ್ಯಾಟರಿ ಸಾಮಾನ್ಯವಾಗಿ ಚಿಕ್ಕದು, ಜಾಸ್ತಿ ವರ್ಷ ಬರುತ್ತದೆ, ಆದರೆ ತಪ್ಪದೆ ಚಾರ್ಜ್ ಮಾಡುತ್ತಿರಬೇಕು. ಇನ್ನೊಂದು ಬಗೆಯದನ್ನು ಸುಮಾರು 3ರಿಂದ 5 ವರ್ಷಕ್ಕೊಮ್ಮೆ ಅದೇ ಗಾಯದ ಜಾಗ ಕೊಯ್ದು ಬದಲಿಸಬೇಕಾಗುತ್ತದೆ. ಕೊನೆಗೆ ವೈದ್ಯಕೀಯ ಕಾರಣ ನೋಡಿ ಸರ್ಜನ್ ಹೇಳಿದ್ದೇ ಆಗಬೇಕು, ಕೇಳಿದ್ದೆಲ್ಲ ಸಿಗುತ್ತದೆ ಅಂತ ನಾನು ಹೇಳುತ್ತಿಲ್ಲ. ಆದರೆ ಕೇಳಿದವರು ಆ ಉಬ್ಬನ್ನು ಆಮೇಲೆ ಕನ್ನಡಿಯಲ್ಲಿ ನೋಡುವ ರೀತಿಯೇ ಬೇರೆ. ಒಬ್ಬ ಮಗಳು ಅಮ್ಮ ದಿನಾ ಹಾಕುವ ರವಿಕೆ, ಕರಿಮಣಿ ಸರ ಎರಡನ್ನೂ ಸರ್ಜನ್ ಹತ್ತಿರ ತಗೊಂಡು ಹೋಗಿದ್ದಳು. ಅವರು ರವಿಕೆಯ ಅಂಚು ನೋಡಿ, ಅದರ ಕೆಳಗೆ ಬರುವ ಹಾಗೆ ಪೆನ್ನಿನಲ್ಲಿ ಗುರುತು ಹಾಕಿಕೊಟ್ಟರಂತೆ. ಹತ್ತು ನಿಮಿಷದ ಕೆಲಸ.

ತಲೆಗೂದಲು ತೆಗೆಯುತ್ತಾರೆ, ಅದು ಬೆಳೆಯುತ್ತದೆ. ಆದರೆ ನೆತ್ತಿಯ ಎರಡು ಸಣ್ಣ ಉಬ್ಬು ಕೈಗೆ ಸಿಗುತ್ತಿರುತ್ತವೆ. ಹಲವರಿಗೆ ಆಪರೇಷನ್ ಆದಮೇಲೆ ತೂಕ ಏರುತ್ತದೆ, ಅದನ್ನೂ ಮೊದಲೇ ಹೇಳಿರಬೇಕು. ಹೊಟ್ಟೆಗೆ ಸೂಜಿ ಚುಚ್ಚಿ ಅಪೋಮಾರ್ಫಿನ್ ಅನ್ನುವ ಪಾರ್ಕಿನ್ಸನ್ಸ್ ಔಷಧಿಯ ಪಂಪ್ ಹಾಕಿಕೊಂಡವರಿಗೆ ಚರ್ಮದಡಿ ಗಂಟು ಏಳುವುದುಂಟು, ಜಾಗ ಬದಲಿಸುತ್ತಾ ಇರಬೇಕು. ಇನ್ನು ಮುಖದ ವಿಷಯ. ಸ್ನಾಯುಗಳು ಬಿಗಿದು ನಗು ಮುಖಕ್ಕೆ ಬರುವುದು ನಿಧಾನ. ಫೋಟೋ ತೆಗೆಯುವಾಗ ‘ಅಜ್ಜಿ ನಗಿ, ಯಾಕೆ ಸಿಟ್ಟು’ ಅಂತ ಕೂಗಬೇಡಿ. ಅವರು ಒಳಗೆ ನಗುತ್ತಲೇ ಇರುತ್ತಾರೆ.

ಆ ಅಮ್ಮನಿಗೆ ಬರೀ ವ್ಯಾಯಾಮ ಹೇಳಿಕೊಟ್ಟೆ. ನಾಲ್ಕನೇ ಸಲ ಬಂದಾಗ ಮಾಮೂಲಿ ರವಿಕೆ ಹಾಕಿದ್ದರು. ಕೂತ ತಕ್ಷಣ ಪರ್ಸಿನಿಂದ, ಮೈಯಲ್ಲಿ ಮಷಿನ್ ಇದೆ ಅಂತ ತಿಳಿಸುವ ಡಿಬಿಎಸ್ ಕಾರ್ಡು ತೆಗೆದು ನನ್ನ ಟೇಬಲ್ ಮೇಲಿಟ್ಟರು. ನಾನು ಕೇಳಿರಲಿಲ್ಲ. ‘ಆಧಾರ್ ಜೊತೆ ಇಟ್ಟುಕೊಂಡಿದ್ದೇನೆ’ ಅಂದರು.